ಶಹಾಬಾದದ ಹುಡುಗೀನ ಇಟಲಿಗಿ ಕಳಿಸಿದ್ದು

ಚಿತ್ರಕಲಾ ಕಲಿಸೋರಿಗಿ ಬಣ್ಣ, ಕುಂಚದ ಜೋಡಿ ಒಂದು ಡಬ್ಬಿ ಬಿಪಿ ಗುಳಿಗಿನೂ ಕೊಡಬೇಕು ಅನ್ನೋದು ನನ್ನ ಭಾಳ ದಿನದ ವಾದ. ನಾ ಶಹಾಬಾದದಾಗ ಒಂದು ಸಣ್ಣ ಕಾಲೇಜಿನ್ಯಾಗ ಡಿಸೈನ್ ಕಲಿಸ್ತೀನಿ. ನಮ್ಮಲ್ಲಿ ದಿನಾ ಏನರ ಒಂದು ಆಗೇ ಆಗ್ತದ. ಒಂದಿನ ಏನೂ ಆಗಲಿಲ್ಲಂದ್ರ ನನಗೇ ಜೀವ ತಳಮಳ, ನಾಳಿಗಿ ಎರಡು ಕೂಡೇ ಬರ್ತಾವಂತ.

ಅದರಾಗ ಹೋದ ಬ್ಯಾಸಿಗ್ಯಾಗ ಒಬ್ಬ ಹುಡುಗೀನ ಇಟಲಿಗಿ ಕಳಸ್ಲಿಕ್ಕ ಹೋಗಿ ನಾ ಪಟ್ಟ ಪಾಡು ನಾಯಿಗೂ ಬ್ಯಾಡ. ರಜಾದಾಗ ಹೊರದೇಶದ ಕಾಲೇಜಿನವ್ರು ಚಿತ್ರಕಲಾ ಹುಡುಗರಿಗಂತ ಎರಡು ವಾರದ್ದು, ಮೂರು ವಾರದ್ದು ಸಣ್ಣ ಕೋರ್ಸ್ ಇಡ್ತಾರ. ಹೋಗೋದು, ನೋಡೋದು, ಕಲಿಯೋದು, ಬರೋದು. ಕೇಳ್ಲಿಕ್ಕ ಎಷ್ಟು ಸಸಾರ ಅದ ನೋಡ್ರಿ!

ಈ ಹುಡುಗಿ ಅಪ್ಪಂದು ಫರ್ಸಿ ಕಲ್ಲು ಪಾಲಿಶ್ ಮಾಡೋ ಅಂಗಡಿ. ನಮ್ಮೂರಾಗ ಫರ್ಸಿ ಅಂದ್ರ ನೆಲಕ್ಕ ಹಾಸಬೇಕು, ಮ್ಯಾಲ ಅಡ್ಡಾಡಬೇಕು, ಮುಗೀತು. ಈಕಿ ಮಾತ್ರ ಒಡದ ತುಂಡು ಆರಿಸಿ ತಂದು, ತಿಕ್ಕಿ, ಕೂಡಿಸಿ ಬಳ್ಳಿ, ಹೂವು, ನವಿಲು ಮಾಡ್ತಿದ್ಳು. ಅಕಿ ಕೈ ನೋಡಿ ನನಗ ಹೊಟ್ಟಿಕಿಚ್ಚು ಆಗ್ತಿತ್ತು, ಖರೆ ಹೇಳ್ತೀನಿ. ಇಟಲ್ಯಾಗ ಕಲ್ಲು ಕೂಡಿಸೋ ಕೆಲಸನೇ ಕಲಿಸೋ ಕೋರ್ಸ್ ಅದ ಅಂತ ತಿಳದಾಗ ಅವರಪ್ಪ ಒಂದೇ ಮಾತು ಅಂದ. "ಮೇಡಂ, ಅಕಿ ಹೋಗಿ ಕಲತು ಬಂದ್ರ ಅಂಗಡಿ ಮುಂದಿನ ಖೋಲಿ ಅಕಿದು. ಅಲ್ಲಿ ಕುಂತು ಡಿಸೈನೇ ಮಾಡ್ಲಿ. ಈ ಸರ್ತಿ ಹೋಗೋದು ಆಗಲಿಲ್ಲಂದ್ರ ದೀಪಾವಳಿ ಆದಮ್ಯಾಲ ಲಗ್ನ. ಆಮ್ಯಾಲ ಯಾರೂ ನನ್ನ ಕೇಳಬಾರದು." ಹುಡುಗಿ ನನ್ನ ಮುಖ ನೋಡಿದ್ಳು. ಅವತ್ತಿನಿಂದ ನನ್ನ ನಿದ್ದಿ ಹೋಯ್ತು.

೧. ಫರ್ಸಿಗಿ ಪೂಜಿ

ಅರ್ಜಿ ಜೋಡಿ ಅಕಿ ಕೆಲಸದ ಫೋಟೋ ಕಳಿಸಬೇಕಿತ್ತು. "ಕಲ್ಲು ಹೆಂಗ ಅದಾವ ಹಂಗೇ ಇರ್ಲಿ, ಧೂಳು ಸೈತ ಒರಸಬ್ಯಾಡ್ರಿ" ಅಂತ ಹಿಂದಿನ ದಿನನೇ ತಾಕೀತು ಮಾಡಿ ಬಂದಿದ್ದೆ. ಆ ಬೂದಿ ಬಣ್ಣ, ಆ ಧೂಳು, ಅದೇ ಚಂದ.

ಅರ್ಜಿ ಕಳಸೋ ಕಡೀ ದಿನ ಮುಂಜಾನಿ ಕ್ಯಾಮೆರಾ ತಗೊಂಡು ಹೋಗ್ತೀನಿ, ಅಂಗಡಿ ಬಾಗಲಿಗಿ ಮಾವಿನ ತೋರಣ! ಒಳಗ ಕಲ್ಲೆಲ್ಲಾ ಎಣ್ಣಿ ಹಚ್ಚಿಸಿಕೊಂಡು ಮಿರಿಮಿರಿ ಮಿಂಚ್ಲಿಕತ್ತಾವ. ಹುಡುಗಿ ತಿಂಗಳಗಟ್ಟಲೆ ಕುಂತು ಕೂಡಿಸಿದ ನವಿಲಿನ ಎದಿ ಮ್ಯಾಲ ಅರಿಶಿಣ, ಕುಂಕುಮ. ಕುತ್ತಿಗಿಗಿ ಚೆಂಡು ಹೂವಿನ ಮಾಲಿ. ಮುಂದ ಒಡದ ಕಾಯಿ. ಅವರಪ್ಪ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಕೈ ಮುಗಿದು ನಿಂತಾನ.

"ಏನ್ರೀ ಇದು?" ಅಂತ ಒದರಿದೆ.

"ಹೊರದೇಶಕ್ಕ ಹೋಗೋ ಕಲ್ಲು ಮೇಡಂ. ಪೂಜಿ ಮಾಡದ ಹೆಂಗ ಕಳಿಸೋದು?"

"ಕಲ್ಲು ಹೋಗಂಗಿಲ್ರೀ, ಫೋಟೋ ಹೋಗ್ತದ!"

"ಫೋಟೋಕ್ಕೂ ಪೂಜಿ ಮಾಡ್ತೀವಲ್ರೀ ನಾವು?"

ತೊಳಿಯೋಣಂದ್ರ ಅವತ್ತು ನಲ್ಲಿಗಿ ನೀರಿಲ್ಲ. ಒರಸಿದ್ರ ಕುಂಕುಮ ಎಣ್ಣ್ಯಾಗ ಕೂಡಿ ಮತ್ತಿಷ್ಟು ಹರಡ್ಲಿಕತ್ತು. ಹುಡುಗಿ ಮೂಲ್ಯಾಗ ಕುಂತು ಅಳ್ತಿದ್ಳು. ಹೊತ್ತು ಮುಳುಗೋದರಾಗ ಕಳಿಸಲೇಬೇಕು. ಹಲ್ಲು ಕಡಕೋತ ಹಂಗೇ ಫೋಟೋ ಹೊಡದು ಕಳಿಸಿದೆ, ಇಲ್ಲಿಗಿ ಕಥಿ ಮುಗೀತು ಅಂತ ಮನಿಗಿ ಬಂದು ಉಣ್ಣದ ಮಲಗಿದೆ.

ಸ್ವಲ್ಪ ದಿನಕ್ಕ ಉತ್ತರ ಬಂತು. ಆರಿಸ್ಯಾರ! ಇನ್ನ ಒಂದು ಸಂದರ್ಶನ ಆಗಬೇಕಂತ. ಮತ್ತ ಕೆಳಗ ಬರದಿದ್ರು, ಬೂದಿ ಕಲ್ಲಿನ ಮ್ಯಾಲ ಕೆಂಪು, ಹಳದಿ ಇಟ್ಟಿದ್ದು ಭಾಳ ಧೈರ್ಯದ ವಿಚಾರ ಅಂತ. ಅವರಪ್ಪಗ ಓದಿ ಹೇಳಿದೆ. ಅವ ಮೀಸಿ ಮ್ಯಾಲ ಕೈ ಹಾಕಿ ಕೇಳಿದ, "ಕುಂಕುಮ ಇಟ್ಟಾವ ನಾ. ನನಗೂ ಒಂದು ಸರ್ಟಿಫಿಕೇಟ್ ಬರ್ತದೇನ್ರೀ ಮೇಡಂ?"

೨. ಇಟಲಿಯವ್ರು ನೋಡ್ಲಿಕ್ಕ ಬಂದ್ರು

ಸಂದರ್ಶನ ಕಂಪ್ಯೂಟರಿನ್ಯಾಗ. ಹುಡುಗಿ ಒಬ್ಬಾಕಿನೇ ಒಂದು ಖೋಲ್ಯಾಗ ಕುಂತು ಮಾತಾಡಬೇಕು ಅಂತ ಬರದಿದ್ರು. ನಾ ಬಾಜು ಕುಂತು ಹುಡುಗಿಗಿ ಇಂಗ್ಲಿಷ್ ಅಡ್ಡಿ ಆದ್ರ ಹೇಳಿಕೊಡಬಹುದಿತ್ತು, ಅಷ್ಟೇ.

ಅವರ ಮನಿಗಿ ಹೋದ್ರ ಹೊರಗ ಚಪ್ಪಲಿ ರಾಶಿ! ಸುಲೇಪೇಟದಿಂದ ಸೋದರಮಾವ ಬಂದಾನ, ಸೇಡಂದಿಂದ ಅತ್ತಿ ಬಂದಾಳ. ನಡುಮನ್ಯಾಗ ಜಮಖಾನಿ ಹಾಸ್ಯಾರ. ಹುಡುಗಿಗಿ ರೇಷ್ಮಿ ಸೀರಿ ಉಡಿಸಿ, ತಲಿ ತುಂಬ ಮಲ್ಲಿಗಿ ಮುಡಿಸಿ ಕುಂದ್ರಿಸ್ಯಾರ. ಒಳಗಿಂದ ಚುರುಮುರಿ ಸುಸಲಾದ ವಾಸನಿ ಬರ್ಲಿಕತ್ತಿತ್ತು.

"ಇದೇನು ಕನ್ಯಾ ತೋರಿಸೋದಲ್ರೀ!" ಅಂದೆ.

ಅಜ್ಜಿ ಗ್ವಾಡಿಗಿ ಆತು ಕುಂತಿದ್ಳು. ಈ ಮನ್ಯಾಗ ಅಕಿ ಹೂಂ ಅನ್ನದ ಕಡ್ಡಿ ಅಲ್ಲಾಡಂಗಿಲ್ಲ. "ಅಕ್ಕೋರೆ, ಪರಮನಿಗಿ ಹೆಣ್ಣು ಕೂಸು ಕಳಿಸಬೇಕಂದ್ರ ಅವರು ನಮ್ಮನ್ನ ನೋಡಬೇಕು, ನಾವು ಅವರನ್ನ ನೋಡಬೇಕು. ನನಗ ಮನಸಿಗಿ ಬರಲಿಲ್ಲಂದ್ರ ಕಳಿಸಂಗಿಲ್ಲ. ಇಟಲಿ ಇರ್ಲಿ, ಇಂದ್ರಲೋಕ ಇರ್ಲಿ" ಅಂದ್ಳು.

ಅಷ್ಟರಾಗ ಪರದಿ ಮ್ಯಾಲ ಒಬ್ಬ ಹೆಣ್ಣುಮಗಳು ಬಂದ್ಳು. ಆ ಕೋರ್ಸಿನ ಮುಖ್ಯಸ್ಥಿ. ಅಕಿ ಒಂದು ಪ್ರಶ್ನಿ ಕೇಳೋದ್ರಾಗ ಸೋದರಮಾವ ಮುಂದ ಸರದು, "ಹುಡುಗ್ಯಾರ ಇರೋ ಖೋಲಿಗಿ ಬಾಗಲಾ ಗಟ್ಟಿ ಅದಾವೇನು ಕೇಳ್ರಿ" ಅಂದ. ಅತ್ತಿ ಸುಸಲಾದ ತಾಟು ಕ್ಯಾಮೆರಾಕ್ಕ ಹಿಡದು, "ತಗೋರಿ ತಗೋರಿ" ಅನ್ಲಿಕತ್ತಳು. ಪರದಿ ತುಂಬ ಚುರುಮುರಿ, ಶೇಂಗಾ. ಒಬ್ಬಾಕಿನೇ ಇರಬೇಕು ಅಂದ ಸಂದರ್ಶನಕ್ಕ ಇಡೀ ಬೀಗತನ ಕುಂತದ. ಈಗ ಆ ಮುಖ್ಯಸ್ಥಿ ಕಂಪ್ಯೂಟರ್ ಬಂದ್ ಮಾಡ್ತಾಳ, ಈಗ ಮಾಡ್ತಾಳ ಅಂತ ನಾ ಪರದಿನೇ ನೋಡ್ಕೋತ ಕುಂತೆ.

ಅಜ್ಜಿ ಒಂದೇ ಪ್ರಶ್ನಿ ಕೇಳಿದ್ಳು. "ಅಲ್ಲಿ ಹಿರೇ ಹೆಣ್ಣುಮಗಳು ಯಾರರ ಅದಾರೇನು?"

ನಾ ಇಂಗ್ಲಿಷ್ ಮಾಡಿ ಕೇಳಿದೆ. ಆ ಮುಖ್ಯಸ್ಥಿ ನಕ್ಕು, ಎದ್ದು ಹೋಗಿ, ತಮ್ಮ ಮುದಿ ತಾಯಿಗಿ ಕರಕೊಂಡು ಬಂದು ಕುಂದ್ರಿಸಿದ್ಳು. ಇಬ್ಬರು ಮುದುಕ್ಯಾರು ಒಬ್ಬರನ್ನೊಬ್ಬರು ನೋಡಿದ್ರು. ನಮ್ಮ ಅಜ್ಜಿ ತನ್ನ ಮಂಡಿ ಮ್ಯಾಲ ಬಡಕೊಂಡು ಮುಖ ಕಿವಿಚಿದ್ಳು. ಆ ಕಡಿಯಾಕಿನೂ ತನ್ನ ಮಂಡಿ ತೋರಿಸಿ, ಅದಕ್ಕಿಂತ ಹೆಚ್ಚು ಮುಖ ಕಿವಿಚಿ, ಆಕಾಶದ ಕಡಿ ಕೈ ಎತ್ತಿದ್ಳು.

ಅಜ್ಜಿ ನನ್ನ ಕಡಿ ತಿರುಗಿ, "ಕಳಸ್ರಿ ಹುಡುಗೀನ" ಅಂದ್ಳು. "ಮಂಡಿ ನೋವು ಇದ್ದಾಕಿ ಮನಿ ಬಿಟ್ಟು ಎಲ್ಲೂ ಹೋಗಂಗಿಲ್ಲ. ಕಾಯ್ಕೊಂಡು ಬಿದ್ದಿರ್ತಾಳ."

೩. ಫೋಟೋದಾಗಿನಾಕಿ ಯಾರು?

ಇಟಲಿಯವ್ರೂ ಹೂಂ ಅಂದ್ರು. ಇನ್ನ ವೀಸಾಕ್ಕ ಫೋಟೋ ಬೇಕು. "ಸೇಡಂದಾಗ ನಮ್ಮ ಪೈಕಿ ಒಬ್ಬಂವ ಸ್ಟುಡಿಯೋ ಇಟ್ಟಾನ, ಭಾಳ ಚಂದ ತೆಗೀತಾನ" ಅಂತ ಅತ್ತಿ ಕರಕೊಂಡು ಹೋಗಿ ತೆಗೆಸಿಕೊಂಡು ಬಂದ್ಳು. ಲಕೋಟಿ ಅಂಟಿಸಿತ್ತು. ನಾ ಒಡದು ನೋಡಲಿಲ್ಲ.

ಹೈದರಾಬಾದಿನ ವೀಸಾ ಆಫೀಸಿನ್ಯಾಗ ಕೌಂಟರಿನಾಕಿ ಫೋಟೋ ನೋಡಿದ್ಳು, ಹುಡುಗಿಗಿ ನೋಡಿದ್ಳು, ಮತ್ತ ಫೋಟೋ ನೋಡಿದ್ಳು. "ಇದು ಯಾರು?" ಅಂದ್ಳು. ನಾ ಇಣುಕಿದೆ. ಯವ್ವಾ! ನಮ್ಮ ಕಪ್ಪು ಮಣ್ಣಿನ ಬಣ್ಣದ ಹುಡುಗಿ ಸುಣ್ಣದ ಗ್ವಾಡಿ ಹಂಗ ಬೆಳ್ಳಗಾಗ್ಯಾಳ. ತುಟಿ ಕೆಂಪು. ಗಲ್ಲದ ಮ್ಯಾಲಿನ ಮಚ್ಚಿ ಮಾಯ. ಇಲ್ಲದ ಝುಮಕಿ ಕಿವ್ಯಾಗ ಬಂದಾವ.

"ಫೋಟೋದಾಗ ಇದ್ದಾಕಿಗಿ ಕರಕೊಂಡು ಬರ್ರಿ" ಅಂದ್ಳು ಕೌಂಟರಿನಾಕಿ. ಅವತ್ತು ತಪ್ಪಿದ್ರ ಮತ್ತ ತಾರೀಖು ಸಿಗೋದು ಕೋರ್ಸ್ ಚಾಲೂ ಆದಮ್ಯಾಲೇ. ನಾ ಗೋಗರದೆ, ಕೈ ಮುಗಿದೆ. ಕಡೀಕ ಅಕಿ ಒಳಗಿನ ಮಷಿನ್ಯಾಗ ಬ್ಯಾರೆ ಫೋಟೋ ತೆಗಿಸಿಕೊಂಡು ಬರ್ಲಿಕ್ಕ ಬಿಟ್ಟಳು. ಬಾಗಲಾ ಹಾಕೋದ್ರಾಗ ಕೆಲಸ ಆಯ್ತು.

ಮರುದಿನ ನಾ ಸೇಡಂಗಿ ಹೋಗಿ ಆ ಸ್ಟುಡಿಯೋದವಗ ಬಾಯಿಗಿ ಬಂದಂಗ ಬೈದೆ. ಅವ ಶಾಂತ ಇದ್ದ. ಅಂಗಡಿ ಮುಂದಿನ ಗಾಜಿನ ಪೆಟ್ಟಿಗ್ಯಾಗ ಅದೇ ಫೋಟೋ ದೊಡ್ಡದು ಮಾಡಿ ತೂಗ ಹಾಕಿದ್ದ. "ವೀಸಾದವ್ರಿಗಿ ಏನು ತಿಳೀತದ ಮೇಡಂ? ಇದನ್ನ ನೋಡಿ ಆಗಲೇ ಒಂದು ಚಿಂಚೋಳಿದು, ಒಂದು ತಾಂಡೂರದು ಸಂಬಂಧ ಕೇಳಿಕೊಂಡು ಬಂದಾವ. ನಿಮ್ಮದೂ ಒಂದು ತೆಗೀಲೇನು?"

೪. ಸೀಟು ಹಿಡಿಯೋದು

ವೀಸಾ ಬಂತು, ಹೋಗೋ ದಿನನೂ ಬಂತು. ಮುಂಜಾನಿ ವಾಡಿಯಿಂದ ರೈಲು, ಸಂಜಿಗಿ ಹೈದರಾಬಾದಿನಿಂದ ವಿಮಾನ. ಹೈದರಾಬಾದಿನ್ಯಾಗ ಇರೋ ಅಕಿ ಕಾಕಾ ಸ್ಟೇಷನ್ನಿಗಿ ಬಂದು ವಿಮಾನಕ್ಕ ಕರಕೊಂಡು ಹೋಗೋದು ಅಂತ ಮಾತಾಗಿತ್ತು.

ನಮ್ಮ ಕಡಿ ಬಿಟ್ಟು ಬರೋದು ಅಂದ್ರ ಪ್ಲಾಟ್‌ಫಾರ್ಮಿನ ತನಕ ಅಲ್ಲ. ಗಾಡಿ ಹತ್ತಬೇಕು, ಸೀಟಿನ ಮ್ಯಾಲ ಟವಲ್ ಹಾಸಬೇಕು, ಸಾಮಾನು ಬುಡಕ ತುರುಕಬೇಕು, ಬಾಜು ಕುಂತವ್ರಿಗಿ "ನಮ್ಮ ಹುಡುಗಿ, ಜರಾ ನೋಡ್ಕೋರಿ" ಅಂತ ಒಪ್ಪಿಸಬೇಕು. ಸೀಟು ರಿಸರ್ವ್ ಆಗಿದ್ರೂ ಅಷ್ಟೇ. ಗಾಡಿ ಬಂದು ನಿಂತದ್ದೇ ತಡ, ಅಪ್ಪ, ಅವ್ವ, ಸೋದರಮಾವ, ಅತ್ತಿ, ಅಜ್ಜಿ, ಎಲ್ಲಾರೂ ಚೀಲ ಹೊತ್ತು ಒಳಗ ನುಗ್ಗಿದ್ರು.

ಕೆಳಗ ಉಳದವ್ರು ನಾನು, ಹುಡುಗಿ, ಮತ್ತ ನಮಗ ತನ್ನ ಟಂಟಂ ಆಟೋದಾಗ ಕರಕೊಂಡು ಬಂದ ಬಾಜು ಮನಿ ಚಾಚಾ. ಹುಡುಗಿ ಅವನ ಕಾಲಿಗಿ ಬಗ್ಗಿದ್ಳು. ಚಾಚಾ ಅಕಿ ತಲಿ ಮ್ಯಾಲ ಕೈ ಇಟ್ಟು, ಕಣ್ಣು ಮುಚ್ಚಿ ದುವಾ ಮಾಡ್ಲಿಕತ್ತ. ಅಕಿ ಸಣ್ಣಾಕಿ ಇದ್ದಾಗಿಂದ ಎತ್ತಿ ಆಡಿಸಿದಾಂವ, ದನಿ ಗದ್ಗದ ಆಗಿತ್ತು. ದುವಾ ಉದ್ದ ಆಯ್ತು. ನಡುವ ಬಾಯಿ ಹಾಕೋದು ಹೆಂಗ? ನಾ ತಡೀಲಾರದ ಕೆಮ್ಮಿದೆ. ಚಾಚಾ "ಆಮೀನ್" ಅಂದು ಕಣ್ಣು ತೆಗದ. ಗಾಡಿ ಹೊಂಟಿತ್ತು. ಇಟಲಿಗಿ ಹೋಗಾಕಿ ವಾಡಿ ಪ್ಲಾಟ್‌ಫಾರ್ಮಿನ ಮ್ಯಾಲ! ಬಿಡ್ಲಿಕ್ಕ ಬಂದವ್ರೆಲ್ಲಾ, ಅಕಿ ಪಾಸ್‌ಪೋರ್ಟ್ ಇದ್ದ ಚೀಲದ ಸಮೇತ, ಹೈದರಾಬಾದ ಗಾಡ್ಯಾಗ!

ಹುಡುಗಿ ಕುಸಿದು ಕುಂತ್ಳು. ಚಾಚಾ "ಯಾ ಅಲ್ಲಾ, ಮೇರೀಚ್ ಗಲತಿ" ಅಂತ ಹಣಿ ಬಡಕೊಂಡು, "ಉಠೋ ಬೇಟಿ! ಮೇಡಂ, ಕುಂದ್ರಿ ಟಂಟಂನ್ಯಾಗ. ಚಿತ್ತಾಪುರದಾಗ ಹಿಡಿಯೋಣ" ಅಂದ. ಎಕ್ಸ್‌ಪ್ರೆಸ್ ಗಾಡಿ ಹಿಂದ ಟಂಟಂ! ನನಗ ನಗಬೇಕೋ ಅಳಬೇಕೋ ತಿಳೀಲಿಲ್ಲ. ಹತ್ತಿ ಕುಂತೆ.

ದಾರ್ಯಾಗ ಅವರಪ್ಪಗ ಫೋನ್ ಹಚ್ಚಿದೆ. "ಗಾಡಿ ಹೊಲದಾಗ ನಿಂತದ್ರೀ ಮೇಡಂ, ಸಿಗ್ನಲ್ ಇಲ್ಲ. ಸಿಮೆಂಟಿನ ಮಾಲಗಾಡಿ ಮುಂದ ಬಿಟ್ಟಾರ" ಅಂದ.

"ಹಂಗಾರ ಚೀಲ ತಗೊಂಡು ಇಳೀರೀ!"

"ನಾವು ಇಳದ್ರ ಸೀಟು ಯಾರರ ಹಿಡೀತಾರಲ್ರೀ!"

ಫೋನ್ ಒಗೀಬೇಕು ಅನಸ್ತು. ಟಂಟಂ ಗುಡುಗೋತ ಮುಂದ ಹೋಯ್ತು. ಚಿತ್ತಾಪುರದ ಈಚಿಗಿ ರೈಲ್ವೆ ಗೇಟ್ ಬಿದ್ದಿತ್ತು. ಚಾಚಾ ಇಳದು ಗೇಟಿನವಗ ಕೈ ಮುಗಿದ, "ಅಣ್ಣಾ, ತೆಗಿ, ನಾವು ಗಾಡಿ ಹಿಡೀಬೇಕು." ಗೇಟಿನಾಂವ ಅಂದ, "ಆ ಗಾಡಿ ಸಲುವಾಗೇ ಹಾಕೀನಿ." ಅನ್ನೋದ್ರಾಗ ನಮ್ಮ ಕಣ್ಣ ಮುಂದೇ ಅದು ಧಡಧಡ ಹೋಯ್ತು. ಕಿಟಕ್ಯಾಗ ಅಜ್ಜಿ. ನಮ್ಮನ್ನ ನೋಡಿದ ಕೂಡಲೇ ಅಕಿ ಕೈ ಮಾಡಿ, "ಹುಷಾರ್ ಹೋಗಿ ಬಾ ನನ್ನವ್ವಾ!" ಅಂತ ಹುಡುಗಿಗಿ ಒದರಿದ್ಳು.

ನಾವು ಸ್ಟೇಷನ್ ಮುಟ್ಟಿದಾಗ ಗಾರ್ಡ್ ಸೀಟಿ ಬಾಯಾಗ ಇಟ್ಟುಕೊಂಡು ನಿಂತಿದ್ದ, ಊದವಲ್ಲ. ಯಾಕಂದ್ರ ಬಾಗಲದಾಗ ಅಜ್ಜಿ ಇಳೀಲಿಕತ್ತಿದ್ಳು. ಒಂದು ಕಾಲು ಮೆಟ್ಟಿಲ ಮ್ಯಾಲ, ಒಂದು ಕಾಲು ಒಳಗ. "ಜಲ್ದಿ ಇಳಿಯಮ್ಮಾ" ಅಂತ ಗಾರ್ಡ್ ಒದರಿದ್ರ, "ಇಳೀಲಿಕತ್ತೀನಲ್ಲೋ ಯಪ್ಪಾ, ಮಂಡಿ ಹಿಡದಾವ" ಅಂತ ಕಾಲು ಮತ್ತ ಮ್ಯಾಲ ಜಗ್ಗಿಕೋತಾಳ. ಕಣ್ಣು ಮಾತ್ರ ಸ್ಟೇಷನ್ ಬಾಗಲದ ಮ್ಯಾಲ. ನಮ್ಮ ಮಂದಿ ಎಲ್ಲಾ ಆಗಲೇ ಚೀಲ ಸೀಟಿನ ಮ್ಯಾಲೇ ಇಟ್ಟು ಕೆಳಗ ನಿಂತು ಬಾಯಿ ಬಡಕೊಳ್ಲಿಕತ್ತಿದ್ರು. ಹುಡುಗಿ ಓಡಿದ್ಳು. ನಾ "ಓಡ! ಓಡ!" ಅಂತ ಚೀರಿದೆ. ಅಕಿ ಅಜ್ಜಿ ಬಗಲಾಗಿಂದ ನುಸುಳಿ ಒಳಗ ಹೋದ್ಳು. ಗಾರ್ಡ್ ಸೀಟಿ ಊದಿದ. ಗಾಡಿ ಹೋಯ್ತು.

ಅವರವ್ವ ನನ್ನ ಹೆಗಲ ಮ್ಯಾಲ ತಲಿ ಇಟ್ಟು ಅತ್ತಳು. ನಾನೂ ಅತ್ತೆ. ಚಾಚಾ ಎಲ್ಲಾರಿಗೂ ಚಾ ತಂದ. ಚಾ ಕುಡದು ನೋಡ್ತೀವಿ, ಅಜ್ಜಿ ಇಲ್ಲ! ಹುಡುಗಿ ಸೀಟು ಬರೋಬ್ಬರಿ ಅದನೋ ಇಲ್ಲೋ ನೋಡಿ ಬರ್ತೀನಂತ ಮತ್ತ ಒಳಗ ಹೋದಾಕಿ, ಇಳಿದೇ ಇಲ್ಲ.

ಮಧ್ಯಾಹ್ನ ಆದಮ್ಯಾಲ ಕಾಕಾನ ಫೋನಿನಿಂದ ಅಜ್ಜಿ ಮಾತಾಡಿದ್ಳು. ಏರ್‌ಪೋರ್ಟ್ ಬಾಗಲದಾಗ ನಿಂತಾಳಂತ. ದನಿ ನಡುಗ್ಲಿಕತ್ತಿತ್ತು.

"ಅಕ್ಕೋರೆ, ಇಲ್ಲಿ ಪೊಲೀಸಪ್ಪ ನನಗ ಒಳಗ ಬಿಡವಲ್ಲ. ಕೂಸಿಗಿ ಸೀಟಿನ್ಯಾಗ ಕುಂದ್ರಿಸಿ ಬರ್ತೀನಂದ್ರ ಕೇಳವಲ್ಲ."

"ಹುಡುಗಿ ಒಳಗ ಹೋದ್ಳೋ ಇಲ್ಲೋ ಅಜ್ಜಿ?"

"ಹೋದ್ಳು. ಗಾಜಿನ ಆಚಿಗಿಂದ ಕೈ ಮಾಡಿದ್ಳು."

ಕಣ್ಣು ಒರಸಿಕೊಂಡು, "ಮತ್ತ ಇನ್ನೇನು ಫಿಕರ್ ಅಜ್ಜಿ? ಗೆದ್ದೀವಲ್ಲ ನಾವು!" ಅಂದೆ.

ಅಜ್ಜಿ ಬಿಕ್ಕಿ ಬಿಕ್ಕಿ ಅಳ್ಲಿಕತ್ತಳು. "ಅಲ್ರೀ ಅಕ್ಕೋರೆ, ಅಕಿಗಿಂತ ಮುಂಚೇ ಎಷ್ಟು ಮಂದಿ ಒಳಗ ಹೋಗ್ಯಾರ! ಸೀಟೆಲ್ಲಾ ಹಿಡದು ಬಿಟ್ಟಿರ್ತಾರ. ನನ್ನ ಕೂಸು ಇಟಲಿ ತನಕ ನಿಂತೇ ಹೋಗಬೇಕೇನ್ರೀ?"