ತೊಂಬತ್ತು ದಿನದ ಸ್ನೋಬ್ಲೋವರ್

ಲೊಂಬಾರ್ಡಿನಲ್ಲಿ ನಾವು ಮೂರು ಮನೆಗಳವರು ಕೂಡಿ 2000ನೇ ಇಸವಿಯ ಡಿಸೆಂಬರ್ ಎರಡರಂದು ಖರೀದಿಸಿದ ಸ್ನೋಬ್ಲೋವರ್, ಅಂದರೆ ಹಿಮ ಬಳಿದೆಸೆಯುವ ಯಂತ್ರವು, ದೇವರ ಕೃಪೆಯಿಂದ ಇಂದಿನವರೆಗೆ ಒಂದು ಹಿಡಿ ಹಿಮವನ್ನೂ ಮುಟ್ಟಿಲ್ಲವೆಂಬುದನ್ನು ಮೊದಲಿಗೇ ದಾಖಲಿಸುತ್ತೇನೆ. ಇದರಲ್ಲಿ ನನ್ನ ಪಾತ್ರ ಅಲ್ಪ. ಎಲ್ಲವೂ ಅವನ ಇಚ್ಛೆ.

ಆ ವರ್ಷದ ಆಗಸ್ಟಿನಲ್ಲಿ ನನ್ನ ಹೃದಯದ ಒಂದು ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದರು. ಮನೆಗೆ ಕಳಿಸುವಾಗ ಡಾಕ್ಟರು ನನ್ನ ಹೆಂಡತಿ ಖಲೀದಾಳನ್ನೂ ಕೂರಿಸಿಕೊಂಡು ಒಂದೇ ಮಾತು ಹೇಳಿದರು: ನಡೆಯಲಿ, ಮೆಟ್ಟಿಲು ಹತ್ತಲಿ, ಪ್ರಾರ್ಥನೆ ಮಾಡಲಿ, ಸಲಿಕೆ ಹಿಡಿದು ಸ್ನೋ ಮಾತ್ರ ಎತ್ತಬಾರದು. ಎತ್ತಿದರೆ ಮುಂದಿನ ಸಲ ಇವರು ನನ್ನ ಹತ್ತಿರ ನಡೆದುಕೊಂಡು ಬರುವುದಿಲ್ಲ.

ಖಲೀದಾ ಶಿವಮೊಗ್ಗದವಳು. ನಮ್ಮ ಮನೆಯಲ್ಲಿ ಮಾತು ಉರ್ದುವಿನಲ್ಲಿ ನಡೆಯುತ್ತದೆ, ಜಗಳ ಕನ್ನಡದಲ್ಲಿ. ಅಂದು ಕಾರಿನಲ್ಲೇ ಕನ್ನಡಕ್ಕೆ ಬಂದಳು. "ರೀ, ಈ ಚಳಿಗಾಲಕ್ಕೆ ಮಶೀನ್ ಬರ್ಬೇಕು. ಇಲ್ಲಾ ಅಂದ್ರೆ ನಾನು ತವರಿಗೆ ಹೋಗ್ತೀನಿ."

ಮಶೀನಿಗೆ ಒಬ್ಬರೇ ಯಾಕೆ ಖರ್ಚು ಮಾಡಬೇಕು ಎಂಬ ಸದ್ವಿಚಾರ ಪಕ್ಕದ ಮನೆಯ ರವಿಗೆ ಬಂತು. ಎದುರು ಮನೆಯ ಗದಗಿನ ಮಲ್ಲಪ್ಪನೂ ಸೇರಿಕೊಂಡ. ನನ್ನ ಕ್ರೆಡಿಟ್ ಕಾರ್ಡಿನಲ್ಲಿ ನನ್ನ ಹೆಸರಿಗೆ ರಸೀದಿ ಮಾಡಿಸಿ, ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಕಿತ್ತಳೆ ಚೀಟಿ ಕಟ್ಟಿದ್ದ ಕೆಂಪು ಯಂತ್ರವನ್ನು ಮಲ್ಲಪ್ಪನ ವ್ಯಾನಿನಲ್ಲಿ ತಂದು ನಮ್ಮ ಗರಾಜಿನಲ್ಲಿ ಇಳಿಸಿದೆವು. ಅದಕ್ಕೆ ಜಾಗ ಬೇಕಾದ್ದರಿಂದ ನನ್ನ ಕಾರು ಹೊರಗೆ ಹೋಯಿತು.

ಆ ಸಂಜೆ ಇಫ್ತಾರಿಗೆ ಎಲ್ಲರೂ ನಮ್ಮಲ್ಲಿಗೇ ಬಂದಿದ್ದರು. ರವಿ ಖರ್ಜೂರದ ಬೀಜ ತಟ್ಟೆಗಿಟ್ಟು ವಿಷಯ ತೆಗೆದ.

"ಅಲೀಮ್ ಭಾಯ್, ರಸೀದಿ ಹಿಂದೆ ಓದಿದ್ರಾ? ತೊಂಬತ್ತು ದಿನ ರಿಟರ್ನ್! ಮಾರ್ಚ್ ಎರಡರ ತನಕ ಚೆನ್ನಾಗಿ ಬಳಸೋದು, ತೊಳೆದು ವಾಪಸ್ ಕೊಡೋದು. ಅಷ್ಟೊತ್ತಿಗೆ ಸ್ನೋನೂ ಮುಗಿದಿರುತ್ತೆ."

"ನಮ್ಮ ನಿಹಾಲ್‌ನ ಮೊದಲ್ನೇ ಹುಟ್ಟಿದಬ್ಬ ಪೂರ್ತಿ ರಿಟರ್ನ್ ಕ್ಯಾಮೆರಾದಲ್ಲೇ ತೆಗ್ದಿದ್ದು," ಎಂದು ರವಿಯ ಹೆಂಡತಿ ವಸುಧಾ ಹೆಮ್ಮೆಯಿಂದ ಹೇಳಿದಳು. "ಎರಡ್ನೇದೂನೂ. ಬೇರೆ ಅಂಗಡಿ."

ನಾನು ಪಾಪಭೀರು. ರಂಜಾನ್ ತಿಂಗಳು ಬೇರೆ. ಮೆಲ್ಲಗೆ ಹೇಳಿದೆ: "ಬಳಸಿದ ಮಾಲನ್ನ ಬಳಸೇ ಇಲ್ಲ ಅನ್ನೋ ಹಾಗೆ ವಾಪಸ್ ಕೊಡೋದು ಮೋಸ ಆಗುತ್ತೆ ರವಿ. ರಸೀದಿ ನನ್ನ ಹೆಸರಲ್ಲಿದೆ. ನಾಳೆ ಮೇಲಿನವನಿಗೆ ಲೆಕ್ಕ ಕೊಡೋನು ನಾನು."

ಎಲ್ಲರೂ ಸಮೋಸಕ್ಕೆ ಕೈಹಾಕಿದರು. ಆಗ ವಸುಧಾಳ ತಂದೆ ದ್ವಾರಕಾನಾಥರು ಗಂಟಲು ಸರಿಮಾಡಿಕೊಂಡರು. ಬೆಂಗಳೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಸೂಪರಿಂಟೆಂಡೆಂಟ್ ಆಗಿದ್ದವರು. ಗ್ರೀನ್ ಕಾರ್ಡ್ ಬಂದ ಮೇಲೆ ಇಲ್ಲಿ ಅವರ ಕೈಗೆ ಒಂದು ಕಡತವೂ ಸಿಕ್ಕಿರಲಿಲ್ಲ.

"ಅಲೀಮ್ ಸಾಹೇಬ್ರೇ, ತಮ್ಮ ಆಕ್ಷೇಪಣೆ ಬಳಕೆಗೆ ಸಂಬಂಧಪಟ್ಟದ್ದು. ವಾಪಸಾತಿಗೆ ಅಲ್ಲ. ಸರೀನಾ?"

"ಸರಿ ಅಂಕಲ್."

"ಹಾಗಿದ್ಮೇಲೆ ಬಳಸೋದೇ ಬೇಡ. ಬಳಸದ ವಸ್ತು ವಾಪಸ್ ಕೊಟ್ರೆ ಯಾವ ಧರ್ಮದಲ್ಲೂ ಪಾಪ ಇಲ್ಲ."

ನನ್ನ ಎದೆಯ ಮೇಲಿದ್ದ ಭಾರ ಇಳಿದಂತಾಯಿತು. ಇಷ್ಟು ಸರಳವಾದ ಸತ್ಯ ನನಗೆ ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. "ಛಲೋ ಆತು ಬಿಡ್ರಿ," ಎಂದ ಮಲ್ಲಪ್ಪ. "ಬಳಸಿದ್ರ ಸವೀತೈತಿ."

"ಹಂಗಾದ್ರೆ ಸ್ನೋ ತೆಗಿಯೋರು ಯಾರು?" ಎಂದು ಅಡುಗೆಮನೆಯಿಂದ ಖಲೀದಾ ಕೇಳಿದಳು. ಈ ಪ್ರಶ್ನೆಯನ್ನು ಮುಂದಿನ ಸಭೆಗೆ ಕಾಯ್ದಿರಿಸಲಾಯಿತು.

ಮರುದಿನ ಬೆಳಿಗ್ಗೆ ನಮ್ಮ ಗರಾಜಿನ ಗೋಡೆಯ ಮೇಲೆ ಸುತ್ತೋಲೆ ಅಂಟಿಸಲಾಗಿತ್ತು. ಅದರ ಪ್ರಕಾರ ದ್ವಾರಕಾನಾಥರು ಹಿಮಯಂತ್ರ ಸಂರಕ್ಷಣಾ ಸಮಿತಿಯ ಅಧ್ಯಕ್ಷರು. ಸುಳ್ಳು ಹೇಳದವನೆಂಬ ಕಾರಣಕ್ಕೆ ನಾನು ವಾಪಸಾತಿ ಅಧಿಕಾರಿ. ಯಂತ್ರದ ಪ್ಲಾಸ್ಟಿಕ್ಕನ್ನು ಒಣ ಬಟ್ಟೆಯಿಂದ ವಾರಕ್ಕೆರಡು ಸಲ ಒರೆಸತಕ್ಕದ್ದು. ಯಂತ್ರದೊಳಗೆ ಎಣ್ಣೆಯನ್ನಾಗಲಿ ಪೆಟ್ರೋಲನ್ನಾಗಲಿ ಹಾಕಿ ಅದನ್ನು ಮಲಿನಗೊಳಿಸತಕ್ಕದ್ದಲ್ಲ. ಚಳಿಗೆ ಪ್ಲಾಸ್ಟಿಕ್ ಸೀಳುವ ಸಂಭವವಿರುವುದರಿಂದ ಗರಾಜಿನ ಉಷ್ಣಾಂಶ ಅರವತ್ತೈದು ಡಿಗ್ರಿ ಫ್ಯಾರನ್‌ಹೀಟಿಗಿಂತ ಇಳಿಯತಕ್ಕದ್ದಲ್ಲ. ಯಂತ್ರವು ಯಾವ ಕಾರಣಕ್ಕೂ ಹಿಮದ ಸಂಪರ್ಕಕ್ಕೆ ಬರತಕ್ಕದ್ದಲ್ಲ. ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ, ಬಾಧಿತ ವ್ಯಕ್ತಿಯು ಸ್ವಹಸ್ತದಿಂದ ಬರೆದ ಅರ್ಜಿಯ ಮೇರೆಗೆ, ಪರಿಶೀಲಿಸಲಾಗುವುದು.

ಮಲ್ಲಪ್ಪ ಹೀಟರ್ ತಂದಿಟ್ಟ. ಭಾನುವಾರಗಳಂದು ದ್ವಾರಕಾನಾಥರು ಯಂತ್ರದ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು ಅದರ ಕೈಪಿಡಿಯಲ್ಲಿ ಒಂದೊಂದು ಅಧ್ಯಾಯ ಓದುತ್ತಿದ್ದರು. ಹೊರಗೆ ನನ್ನ ಕಾರಿನ ಬಾಗಿಲು ಹೆಪ್ಪುಗಟ್ಟಿ ತೆರೆಯುತ್ತಿರಲಿಲ್ಲ. ಖಲೀದಾ ಕೆಟಲಿನಲ್ಲಿ ಬಿಸಿನೀರು ತಂದು ಬೀಗಕ್ಕೆ ಸುರಿಯುತ್ತ, "ಒಳಗೆ ನಿಮ್ಮ ಹೊಸ ಸೊಸೆಗೆ ಬೆಚ್ಚಗಿದ್ಯಾ ಅಂಕಲ್? ಶಾಲು ಹೊದಿಸ್ಲಾ?" ಎಂದು ಕೇಳಿದಳು.

"ಶಾಲು ಬೇಡಮ್ಮ, ನೂಲು ಅಂಟುತ್ತೆ," ಎಂದು ಅವರು ಕೃತಜ್ಞತೆಯಿಂದ ಹೇಳಿದರು.

ಮೊದಲ ಸ್ನೋ ನಾಲ್ಕು ಇಂಚು ಬಿತ್ತು. ರವಿ, ಮಲ್ಲಪ್ಪ ಸೇರಿ ಮನೆಯಿಂದ ಬೀದಿಗೆ ಕಾರು ಹೋಗುವ ಮೂರೂ ಡ್ರೈವ್‌ವೇಗಳನ್ನು ಸಲಿಕೆಯಿಂದ ಬಳಿದರು. ನಾನು ಬಾಗಿಲಲ್ಲಿ ನಿಂತು ಅವರಿಗಾಗಿ ದುವಾ ಮಾಡಿದೆ. ಡಿಸೆಂಬರ್ ಎರಡನೆಯ ವಾರ ಒಂದೇ ಸಮನೆ ಸುರಿದು ಮೊಣಕಾಲಿನ ಮಟ್ಟಕ್ಕೆ ನಿಂತಿತು. ಬೆಳಿಗ್ಗೆ ರವಿಗೆ ಶಾಮ್‌ಬರ್ಗಿನ ಆಫೀಸಿಗೆ ಹೋಗಲೇಬೇಕಿತ್ತು, ಮಲ್ಲಪ್ಪನ ಸೊಂಟ ಹಿಡಿದುಕೊಂಡಿತ್ತು. ಇಬ್ಬರು ಒದ್ದಾಡುವುದನ್ನು ಬಾಗಿಲಲ್ಲಿ ನಿಂತು ನೋಡುವುದು ನೆರೆಯವನ ಧರ್ಮವಲ್ಲ. ಖಲೀದಾ ಸ್ನಾನಕ್ಕೆ ಹೋದ ಸಮಯ ನೋಡಿ ನಾನೂ ಒಂದು ಸಲಿಕೆ ಹಿಡಿದೆ.

ಹದಿನೈದನೆಯ ಸಲಿಕೆಗೆ ಎದೆಯ ಮೇಲೆ ಯಾರೋ ಕೂತಂತಾಯಿತು.

ಒದ್ದೆ ಕೂದಲಿಗೆ ಟವಲು ಸುತ್ತಿಕೊಂಡೇ ಖಲೀದಾ ಓಡಿ ಬಂದಳು. ಆಂಬುಲೆನ್ಸಿಗೆ ಫೋನು ಮಾಡಿದರೆ, ಹಲವು ರಸ್ತೆಗಳು ಮುಚ್ಚಿವೆ, ಮುಕ್ಕಾಲು ಗಂಟೆ ಆಗಬಹುದು, ಸಾಧ್ಯವಾದರೆ ನೀವೇ ಕರೆತನ್ನಿ ಎಂದರು. ನಮ್ಮ ಬೀದಿಯಿಂದ ಆಸ್ಪತ್ರೆಯ ಕಡೆಯ ದಾರಿಯನ್ನು ಊರಿನ ಹಿಮ ತೆಗೆಯುವ ಗಾಡಿ ಆಗಲೇ ಬಳಿದಿತ್ತು. ನಮ್ಮ ಕಾರಿನಿಂದ ಬೀದಿಗೆ ನಲವತ್ತು ಅಡಿ ಹಿಮ.

"ಮಶೀನ್ ತೆಗೀರಿ!" ಎಂದು ಖಲೀದಾ ಕಿರುಚಿದಳು.

ದ್ವಾರಕಾನಾಥರು ಆಗಲೇ ಕಾಗದ, ಪೆನ್ನು ತಂದಿದ್ದರು. ನಾನು ಗರಾಜಿನಲ್ಲಿ, ಹಿಮ ಕರಗಿಸುವ ಉಪ್ಪಿನ ಬಕೆಟ್ ಬೋರಲು ಹಾಕಿ ಕೂತು, ಕಲಿಮಾ ಹೇಳಿಕೊಳ್ಳುತ್ತ ಅರ್ಜಿ ಬರೆದೆ. ಹೀಟರ್ ಇದ್ದದ್ದರಿಂದ ಬೆರಳು ಆಡುತ್ತಿದ್ದವು, ಅದೂ ಒಂದು ಕೃಪೆ.

ಅವರು ಕನ್ನಡಕ ಏರಿಸಿ ಓದಿದರು. "ಎದೆನೋವು ಅಂತ ಬರ್ದಿದೀರಿ. ಎಡಗಡೆಯೋ ಬಲಗಡೆಯೋ ನಮೂದಿಸಿಲ್ಲ."

"ಎಡ," ಎಂದೆ.

"ಸೇರಿಸಿ ಸಣ್ಣ ಸಹಿ ಹಾಕಿ."

"ಮಾವ, ಬೇಗ!" ಎಂದ ರವಿ.

"ಬೇಗ ಮಾಡಿದ್ದಕ್ಕೇ ಎಷ್ಟೋ ಕಡತ ಹಾಳಾಗಿರೋದು." ಆದರೂ ಅವರು ಸಹೃದಯರು. ಮೂವತ್ತೊಂದು ವರ್ಷದಲ್ಲಿ ಅವರು ಅದೇ ದಿನ ಮಂಜೂರು ಮಾಡಿದ ಮೊದಲ ಅರ್ಜಿ ಅದು ಎಂದು ವಸುಧಾ ಆಮೇಲೆ ಹೇಳಿದಳು.

ಮಂಜೂರಾತಿಯೇನೋ ಆಯಿತು. ಗರಾಜಿನ ಬಾಗಿಲು ಎತ್ತಿದರೆ ಹೊಸ್ತಿಲಿಗೇ ಹಿಮ. ಯಂತ್ರವನ್ನು ಹಾಗೇ ದೂಡಿದರೆ ಟೈರಿಗೆ ಸ್ನೋ ಮೆತ್ತಿಕೊಳ್ಳುತ್ತದೆ. ಬಳಕೆಗೆ ಅನುಮತಿ ಸಿಕ್ಕಿದೆಯೇ ಹೊರತು ಟೈರಿನ ಬಗ್ಗೆ ಅರ್ಜಿಯಲ್ಲಿ ಪ್ರಸ್ತಾಪವಿಲ್ಲವೆಂದು ಅಧ್ಯಕ್ಷರು ತೋರಿಸಿಕೊಟ್ಟರು.

"ಅಷ್ಟ ಹೌದಲ್ರೀ? ಅದಕ್ಕ ದಾರಿ ಮಾಡೋಣು ಬರ್ರಿ," ಎಂದು ಮಲ್ಲಪ್ಪ ಸೊಂಟ ಹಿಡಿದುಕೊಂಡೇ ಸಲಿಕೆ ಎತ್ತಿದ. ರವಿ ಎತ್ತಿದ. ವಸುಧಾ ಕಸದ ಮೊರ ತಂದಳು. ಖಲೀದಾ ಟವಲು ಕಟ್ಟಿಕೊಂಡೇ ಕೇಕಿನ ಟ್ರೇಯಿಂದ ಬಾಚಿದಳು, ನನ್ನ, ಅಧ್ಯಕ್ಷರ ಇಬ್ಬರ ಪೂರ್ವಿಕರನ್ನೂ ಶುದ್ಧ ಶಿವಮೊಗ್ಗದ ಕನ್ನಡದಲ್ಲಿ ನೆನೆಯುತ್ತ. ಯಂತ್ರಕ್ಕೆ ಮುಜುಗರವಾಗದಂಥ ಅಗಲವಾದ ದಾರಿ, ಬಾಗಿಲಿನಿಂದ ಬೀದಿಯವರೆಗೆ, ಇಪ್ಪತ್ತು ನಿಮಿಷದಲ್ಲಿ ಸಿದ್ಧವಾಯಿತು. ದ್ವಾರಕಾನಾಥರು ಪ್ಲಾಸ್ಟಿಕ್ ಸಮೇತ ಯಂತ್ರವನ್ನು ಹೊರಗೆ ತಂದು, ಬೀದಿಯವರೆಗೆ ನಡೆಸಿ, ಸುತ್ತಲೂ ನೋಡಿದರು. ತೆಗೆಯಲು ಹಿಮ ಉಳಿದಿರಲಿಲ್ಲ.

ಅದೇ ದಾರಿಯಲ್ಲಿ ನನ್ನ ಕಾರು ಆಸ್ಪತ್ರೆಗೆ ಹೋಯಿತು. ಸ್ನೋಬ್ಲೋವರ್ ಇರದಿದ್ದರೆ ನಾನು ಇಂದು ಇದನ್ನು ಬರೆಯುತ್ತಿರಲಿಲ್ಲ.

ಎರಡನೆಯ ಸ್ಟೆಂಟ್ ಹಾಕಿದ ಮೇಲೆ ಅದೇ ಡಾಕ್ಟರು ಮಂಚದ ಬಳಿ ನಿಂತು ಮಶೀನು ಕೊಂಡಿರಾ ಎಂದು ಕೇಳಿದರು. ಕೊಂಡಿದ್ದೇವೆ ಎಂದೆ. ಸುಳ್ಳಲ್ಲ. ಅವರು ಸಮಾಧಾನದಿಂದ ಫೈಲಿನಲ್ಲಿ ಗುರುತು ಹಾಕಿಕೊಂಡರು. ಖಲೀದಾ ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಅವಳ ಭುಜ ಅಲ್ಲಾಡುತ್ತಿತ್ತು. ಅಳುವೋ ನಗುವೋ ನಾನು ಕೇಳಲಿಲ್ಲ.

ಮಾರ್ಚ್ ಎರಡರಂದು, ಪದನಿಮಿತ್ತ, ನಾನು ಯಂತ್ರದೊಂದಿಗೆ ಅಂಗಡಿಯ ಕೌಂಟರಿನ ಮುಂದೆ ನಿಂತೆ. ವಾಪಸಿಗೆ ಕಾರಣವೇನು ಎಂದು ಅಲ್ಲಿನ ಹುಡುಗಿ ಕೇಳಿದಳು.

"ಏನೂ ಇಲ್ಲ," ಎಂದೆ.

ಕೆಟ್ಟಿದೆಯೇ? ನೋಡಿಲ್ಲ. ತೃಪ್ತಿಯಾಗಲಿಲ್ಲವೇ? ಬಳಸದೆ ಹೇಗೆ ಹೇಳಲಿ? ಬೇಡವಾಯಿತೇ? ಹಾಗೆಂದರೆ ಸುಳ್ಳಾಗುತ್ತಿತ್ತು, ಇದಕ್ಕಿಂತ ಬೇಕಾದ ವಸ್ತು ನಮ್ಮ ಮೂರು ಮನೆಗಳಲ್ಲಿ ಇನ್ನೊಂದಿರಲಿಲ್ಲ. ಹುಡುಗಿ ಮ್ಯಾನೇಜರನನ್ನು ಕರೆದಳು. ಆತ ಕಂಪ್ಯೂಟರಿನಲ್ಲಿ ಹುಡುಕಿ ಹೇಳಿದ: ಕಾರಣವಿದ್ದರೆ ಹಣ ವಾಪಸು, ಕಾರಣವಿಲ್ಲದಿದ್ದರೆ ಅದೇ ಮಾದರಿಯ ಹೊಸದು. ಅದಕ್ಕೆ ಮತ್ತೆ ತೊಂಬತ್ತು ದಿನ.

ಹೊಸದನ್ನು ಕಂಡು ಬೀದಿಯೆಲ್ಲ ಸಂತೋಷಪಟ್ಟಿತು. ಹಳೆಯದಕ್ಕೆ ಮೂರು ತಿಂಗಳು ವಯಸ್ಸಾಗಿತ್ತು. ಇದು ಆಗಷ್ಟೇ ಬಂದದ್ದು. ದ್ವಾರಕಾನಾಥರು ಹೊಸ ಕಡತ ತೆರೆದರು. ಮೇ ಕೊನೆಯಲ್ಲಿ ಮತ್ತೆ ಹೋದೆ, ಮತ್ತೆ ಕಾರಣವಿರಲಿಲ್ಲ. ಆಗಸ್ಟಿನಲ್ಲಿಯೂ. ಮ್ಯಾನೇಜರ್ ಈಗ ನನ್ನನ್ನು ಕಂಡರೆ ತಾನೇ ಒಳಗಿನಿಂದ ತಂದಿಡುತ್ತಾನೆ. ಗರಾಜಿನಲ್ಲಿ ಈಗಿರುವುದು ಒಂಬತ್ತನೆಯದು.

ಖಲೀದಾಳ ಬಗ್ಗೆ ಮಾತ್ರ ನನಗೆ ಚಿಂತೆಯಿತ್ತು. ಅವಳ ಮನಸ್ಸೂ ತಿರುಗಲಿ ಎಂದು ಬಹಳ ದಿನ ಬೇಡಿಕೊಂಡೆ. ಕಳೆದ ವಾರ ಈ ವರ್ಷದ ಮೊದಲ ಸ್ನೋ ಬಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅವಳು ಗರಾಜಿನಲ್ಲಿ ಬೂಟು ಬಿಟ್ಟು, ಒಣ ಬಟ್ಟೆ ಹಿಡಿದು ಯಂತ್ರ ಒರೆಸುತ್ತಿದ್ದಳು. ಪಕ್ಕದಲ್ಲಿ ಒಂದು ಹಾಳೆ: ಎದೆನೋವಿನ ಅರ್ಜಿ, ಅವಳದೇ ಅಕ್ಷರದಲ್ಲಿ, ಎಡ ಎಂದು ಸ್ಪಷ್ಟವಾಗಿ ನಮೂದಿಸಿ, ಸಾಕ್ಷಿಗಳ ಸಹಿ ಮುಂಚೆಯೇ ಹಾಕಿಸಿ.

"ಅರ್ಜಿ ಸ್ವಹಸ್ತದ್ದಾಗಿರಬೇಕಲ್ಲ," ಎಂದೆ.

"ಅಂಕಲ್ ತಿದ್ದುಪಡಿ ಮಾಡಿದಾರೆ. ನೀವು ಸಹಿ ಹಾಕಿದ್ರೆ ಸಾಕು." ಪೆನ್ನು ಕೊಟ್ಟಳು. ನಾನು ಬಿಸ್ಮಿಲ್ಲಾ ಹೇಳಿ ಸಹಿ ಹಾಕಿದೆ. ಅವಳು ತಾರೀಖಿನ ಜಾಗ ಖಾಲಿ ಬಿಟ್ಟು, ಕಾಗದ ಮಡಚಿ ನನ್ನ ಕೋಟಿನ ಜೇಬಿಗಿಟ್ಟು, ಗುಂಡಿ ಹಾಕಿದಳು.

ಆಮೇಲೆ ಮೂಲೆಯಿಂದ ಸಲಿಕೆ ತಂದು ನನ್ನ ಕೈಗೆ ಕೊಟ್ಟಳು.

"ಹೋಗಿ. ಮಶೀನ್ ಪಕ್ಕ ಹಾಯುವಾಗ ಹುಷಾರು, ಪ್ಲಾಸ್ಟಿಕ್ ಹರಿದೀತು."