ಸ್ಕಾಟ್ಲೆಂಡ್ ಗೋತ್ರಕ್ಕೆ ಸೇರಿದ್ದರ ಲಾಭಗಳು

ನಗಬಾರದ ಜಾಗದಲ್ಲೇ ನನಗೆ ನಗು ಉಕ್ಕೋದು. ಅದೇನು ಜಾತಕವೋ, ಅಂಥ ಜಾಗಗಳೂ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಟೋಕಿಯೋದ ಓಜಿಮಾದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿಕೊಂಡು ತೆಪ್ಪಗಿದ್ದ ಮೈಸೂರಿನ ಹೆಂಗಸು ನಾನು. ಸ್ಕಾಟ್ಲೆಂಡಿನ ಯಾವುದೋ ಕುಲದ ಪರಂಪರೆ ಸಂಘಕ್ಕೆ ಯಾಕಮ್ಮಾ ಸೇರಿದೆ ಅಂತ ಎಲ್ಲರೂ ಕೇಳ್ತಾರೆ. ಲಾಭ ಇದೆ ಸ್ವಾಮಿ, ಕೇಳಿ.

ಹೊಸ ಗೋತ್ರ

ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಸ್ಕಾಟ್ಲೆಂಡಿನ ಮುದುಕರೊಬ್ಬರಿದ್ದರು. ಯಾವ ಕಾಲದಲ್ಲೋ ಇಂಗ್ಲಿಷ್ ಮೇಷ್ಟ್ರಾಗಿ ಬಂದು, ಇಲ್ಲಿನವರನ್ನೇ ಮದುವೆಯಾಗಿ, ಇಲ್ಲೇ ಉಳಿದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿಲ್ಲ. ನಾನು ತಾತ ಅಂತಿದ್ದೆ. ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕಿ, "ನಮ್ಮ ಕುಲಕ್ಕೆ ಸೇರ್ತೀಯಾ? ಅದರಲ್ಲೇ ಹುಟ್ಟಿರಬೇಕು ಅಂತಿಲ್ಲ, ಒಪ್ಪಿದರೆ ಸಾಕು" ಅಂದ್ರು.

ಐಟಿಯವಳು ನಾನು, ಬಾಯಿಗೆ ಬಂದಿದ್ದನ್ನೇ ಕೇಳಿದೆ. "ಬೆನಿಫಿಟ್ಸ್ ಏನು ತಾತ?"

"ನಾನು ಸತ್ತಾಗ ನೀನು ಬರಬೇಕು."

"ಅದು ನಿಮಗೆ ಬೆನಿಫಿಟ್. ನನಗೆ?"

"ನೀನು ಸತ್ತಾಗ ನಾವು ಬರ್ತೀವಿ."

'ನಾವು' ಅಂದರೆ ಎಂಬತ್ತರ ಆಸುಪಾಸಿನ ನಾಲ್ಕಾರು ಜನ. ನನ್ನ ಸರದಿ ಬರೋ ಹೊತ್ತಿಗೆ ಬರೋಕೆ ಯಾರಿರ್ತಾರೆ ಅನ್ನೋ ಪ್ರಶ್ನೆಯನ್ನ ನುಂಗಿಕೊಂಡೆ. ಯಾಕಂದ್ರೆ ತಾತ ತಮಾಷೆ ಮಾಡ್ತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಅವರ ಪಕ್ಕದ ಮನೆಯವರು ಒಬ್ಬರೇ ಸತ್ತು ಬಿದ್ದಿದ್ದು, ವಾಸನೆ ಬಂದ ಮೇಲಷ್ಟೇ ಗೊತ್ತಾಗಿತ್ತು. ನಮ್ಮವರು ಅಂತ ಯಾರೂ ಬರಲಿಲ್ಲ. ಕೊನೆಗೆ ಅಸ್ಥಿ ಸರ್ಕಾರಿ ಕಚೇರಿಯ ದಿಕ್ಕಿಲ್ಲದವರ ಕಪಾಟಿಗೆ ಹೋಯ್ತು.

"ಸಾವಿಗೆ ಹೆದರಲ್ಲ, ಆ ಕಪಾಟಿಗೆ ಹೆದರ್ತೀನಿ" ಅಂದ್ರು ತಾತ.

ನಮ್ಮಲ್ಲೂ ಹೊರೋಕೆ ನಾಲ್ಕು ಜನ ಬೇಕು ಅಂತಾರಲ್ಲ. ಸೇರಿಬಿಟ್ಟೆ.

ವಿಡಿಯೋ ಕಾಲಿನಲ್ಲಿ ಅತ್ತೆಗೆ ಅರ್ಥವಾಗೋ ಹಾಗೆ ಹೇಳಿದೆ. "ಅವರ ಕುಲ ಅಂದ್ರೆ ನಮ್ಮ ಗೋತ್ರ ಇದ್ದ ಹಾಗೆ ಅತ್ತೆ. ಹೊಸ ಗೋತ್ರಕ್ಕೆ ಸೇರಿದೀನಿ."

ಅತ್ತೆ ಗಾಬರಿ ಬಿದ್ದು ಕೂಗಿದರು. "ಹೆಣ್ಣು ಗೋತ್ರ ಬದಲಾಯಿಸೋದು ಮದುವೆಯಲ್ಲಿ ಮಾತ್ರ ಕಣೇ! ನನ್ನ ಮಗ ಎಲ್ಲಿ? ಅವನಿಗೆ ಫೋನ್ ಕೊಡು ಮೊದಲು!"

ಚೌಕಳಿ ಶಾಲು

ಸೇರಿದವರಿಗೆಲ್ಲ ಕುಲದ ಬಣ್ಣದ ಚೌಕಳಿ ಶಾಲು ಕೊಡ್ತಾರೆ. ಸೀರೆ ಮೇಲೆ ಹೊದ್ದುಕೊಂಡು ಹೊರಟೆ. ಇಲ್ಲೇ ಬೆಳೆದ ಮಗಳು "ಹಜುಕಾಶೀ" ಅಂತ, ಅಂದರೆ ನಾಚಿಕೆಯಾಗುತ್ತೆ ಅಂತ ಗೊಣಗಿ, ನಾನು ಯಾರೋ ಏನೋ ಅನ್ನೋ ಥರ ಹಿಂದೆ ಉಳಿದಳು.

ಅವತ್ತು ನದಿ ದಂಡೆಯಲ್ಲಿ ತಾತನ ಅಂತ್ಯಸಂಸ್ಕಾರದ ರಿಹರ್ಸಲ್. ಸಂಘದಲ್ಲಿ ಒಬ್ಬರು ರಿಟೈರಾದ ಜಪಾನೀ ಎಂಜಿನಿಯರ್. ಬ್ಯಾಗ್‌ಪೈಪ್ ಊದುತ್ತಾರೆ. ಕಂಕುಳಲ್ಲಿ ಗಾಳಿಚೀಲ ಅಮುಕಿಕೊಂಡು ಊದೋ ವಾದ್ಯ ಅದು, ನಾಗಸ್ವರದ ಒತ್ತಿನ ಹಾಗೆ ಒಂದೇ ಶ್ರುತಿ ಹಿಡಿದು ಬಿಡೋದೇ ಇಲ್ಲ. ಅವರನ್ನ ನಾನು ಪೈಪ್ ಸಾನ್ ಅಂತೀನಿ, ಇಲ್ಲಿ ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ. ತಾತ ಮಡಿಸೋ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಹೆಣದ ಪಾತ್ರ ಮಾಡ್ತಾ ಕೂತಿದ್ದರು.

"ಏನಯ್ಯಾ ಇಷ್ಟು ನಿಧಾನ? ಹೀಗೆ ಊದಿದರೆ ಎದ್ದು ಬಂದುಬಿಡ್ತೀನಿ ನೋಡು!" ಅಂತ ಪೈಪ್ ಸಾನ್‌ಗೆ ಗದರಿದರು.

ಯಾರೋ ಗಲಾಟೆ ಅಂತ ದೂರು ಕೊಟ್ಟಿದ್ದರು. ನಮ್ಮ ಏರಿಯಾದ ಪೊಲೀಸ್ ಸೈಕಲ್ಲಿನಲ್ಲಿ ಬಂದ. ಪೈಪ್ ಸಾನ್ ಬಗ್ಗಿ ನಮಸ್ಕರಿಸಿ, "ಸುಮಿಮಾಸೆನ್, ಕ್ಷಮಿಸಿ, ಅಂತ್ಯಸಂಸ್ಕಾರಕ್ಕೆ ಅಭ್ಯಾಸ ಮಾಡ್ತಿದೀವಿ" ಅಂದರು. ಪಾಪ, ಆತ ಕೂಡಲೇ ಟೋಪಿ ತೆಗೆದು, ದನಿ ತಗ್ಗಿಸಿ, "ಯಾರದು?" ಅಂದ.

ಕುರ್ಚಿಯಲ್ಲಿದ್ದ ತಾತ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿದರು. "ನಂದೇ."

ಒಟ್ಟಿಗೆ ಊಟ

ಸಂಘದ ಊಟಕ್ಕೆ ಆಂಬೊಡೆ ಮಾಡಿಕೊಂಡು ಹೋಗಿದ್ದೆ. ಅಷ್ಟರಲ್ಲಿ ತಾತ ಕಾಯಿಲೆ ಬಿದ್ದಿದ್ದರು, ಕೈ ನಡುಗೋದು. ನಾನೇ ನನ್ನ ಚಾಪ್‌ಸ್ಟಿಕ್ಕಿನಲ್ಲಿ ಒಂದು ಆಂಬೊಡೆ ಎತ್ತಿ ಅವರ ಕಡೆ ಹಿಡಿದೆ. ಅವರು ತಮ್ಮ ಚಾಪ್‌ಸ್ಟಿಕ್ಕಿನಲ್ಲಿ ಅದನ್ನ ಹಿಡಕೊಂಡರು. ಅಷ್ಟೇ, ಮೇಜಿನ ಸುತ್ತ ಎಲ್ಲರೂ ತಮ್ಮ ಚಾಪ್‌ಸ್ಟಿಕ್ ಕೆಳಗಿಟ್ಟರು. ಒಬ್ಬರು ಅಜ್ಜಿಯ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

ಪೈಪ್ ಸಾನ್ ಮೆಲ್ಲಗೆ ಹೇಳಿದರು. ಜಪಾನಿನಲ್ಲಿ ಇಬ್ಬರು ಚಾಪ್‌ಸ್ಟಿಕ್ಕಿಂದ ಚಾಪ್‌ಸ್ಟಿಕ್ಕಿಗೆ ದಾಟಿಸೋದು ಒಂದೇ ಒಂದು ವಸ್ತು. ಸುಟ್ಟ ಮೇಲೆ ಉಳಿಯೋ ಮೂಳೆ. ಹತ್ತಿರದವರು ಹಾಗೆ ಆರಿಸಿ ಕುಡಿಕೆಗೆ ಹಾಕ್ತಾರಂತೆ.

ಭೂಮಿ ಬಾಯಿ ಬಿಡಬಾರದೇ ಅನಿಸಿತು. ತಾತ ಮಾತ್ರ ನಿಧಾನಕ್ಕೆ ಅಗಿದು ನುಂಗಿ, "ಕೈ ಗಟ್ಟಿ ಇದೆ. ನನ್ನ ಮೂಳೆ ಇವಳೇ ಎತ್ತಲಿ" ಅಂದರು.

"ಅಯ್ಯೋ ತಾತ, ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗಲ್ಲ."

"ಅದು ಹಳೇ ಗೋತ್ರದಲ್ಲಿ" ಅಂದು ಇನ್ನೊಂದು ಆಂಬೊಡೆಗೆ ಬಾಯಿ ತೆರೆದರು.

ಬಂಧು ಬಳಗ

ಚಳಿಗಾಲ ಮುಗಿಯೋ ಮುಂಚೆ ತಾತ ಹೋದರು. ಬೇಕಾದ ವ್ಯವಸ್ಥೆಯನ್ನೆಲ್ಲ ವಕೀಲರಿಗೆ ಒಪ್ಪಿಸಿ ಹೋಗಿದ್ದರು. ಕುಲದಲ್ಲಿ ಮಿಕ್ಕವರು ಒಬ್ಬರು ಆಸ್ಪತ್ರೆ, ಒಬ್ಬರು ಗಾಲಿಕುರ್ಚಿ. ಚಿತಾಗಾರಕ್ಕೆ ಬಂದವರು ಪೈಪ್ ಸಾನ್ ಮತ್ತು ನಾನು, ಇಬ್ಬರೇ.

ಅಲ್ಲಿನ ನೌಕರ ಕೇಳಿದ. "ನೀವು ಮೃತರಿಗೆ ಏನಾಗಬೇಕು?"

ಸತ್ತವರು ಸ್ಕಾಟ್ಲೆಂಡಿನವರು, ಮುಂದೆ ನಿಂತವರು ಒಬ್ಬ ಜಪಾನೀ ಮುದುಕ, ಒಬ್ಬಳು ಸೀರೆಯವಳು. "ಒಂದೇ ಮನೆತನ" ಅಂದೆ. ಆತ ನಮ್ಮಿಬ್ಬರ ಚೌಕಳಿ ಶಾಲು ನೋಡಿ, "ಹೌದು, ಕಾಣುತ್ತೆ" ಅಂದು ತಲೆಬಾಗಿದ.

ಗಟ್ಟಿ ಅಂತ ತಾತ ಹೊಗಳಿದ್ದ ಕೈ ಗಡಗಡ ನಡುಗಿತು. ನನ್ನ ಅಪ್ಪನ ಅಸ್ಥಿಯನ್ನೂ ನಾನು ಕಂಡವಳಲ್ಲ. ಅಳು ಬಂತು, ತಡೀಲಿಲ್ಲ. ಪೈಪ್ ಸಾನ್ ಒಂದು ಕಡೆ, ನಾನೊಂದು ಕಡೆ ಹಿಡಿದು ಒಂದೊಂದೇ ಎತ್ತಿದೆವು. ಕೊನೆಗೆ ಕುತ್ತಿಗೆಯ ಮೂಳೆ. "ಎಲ್ಲರಿಗಿಂತ ಹತ್ತಿರದವರು ಎತ್ತಬೇಕು" ಅಂದ ನೌಕರ. ಇಬ್ಬರೂ ಒಟ್ಟಿಗೇ ಕೈ ಚಾಚಿದೆವು.

ತಾತ ಕಪಾಟಿಗೆ ಹೋಗಲಿಲ್ಲ. ಮರುದಿನ ಹೆಂಡತಿಯ ಸಮಾಧಿ ಸೇರೋರಿದ್ದರು. ಅದಕ್ಕೆ ಮುಂಚೆ ಬ್ಯಾಗ್‌ಪೈಪ್ ಆಗಬೇಕಲ್ಲ, ಚಿತಾಗಾರದಲ್ಲಿ ಊದೋ ಹಾಗಿಲ್ಲ. ಅದೇ ನದಿ ದಂಡೆಗೆ ಬಂದು, ಅದೇ ಕುರ್ಚಿಯಲ್ಲಿ ಕುಡಿಕೆ ಇಟ್ಟು, ಶಾಲು ಹೊದಿಸಿದೆವು. ಪೈಪ್ ಸಾನ್ ಬಿಕ್ಕುತ್ತಾ ಊದಿದರು. ತುಂಬಾ ನಿಧಾನವಾಗಿ ಊದಿದರು. ನಾನು ಕುರ್ಚಿಯನ್ನೇ ನೋಡ್ತಾ ನಿಂತೆ. ಎದ್ದು ಬರ್ತೀನಿ ಅಂದಿದ್ದರಲ್ಲ. ಬರಲಿಲ್ಲ.

ಸೈಕಲ್ ನಿಂತ ಸದ್ದಾಯ್ತು. ಅದೇ ಪೊಲೀಸ್. "ಮತ್ತೆ ಅಭ್ಯಾಸವೇ?" ಅಂತ ಬಾಯಿ ತೆರೆದವನು ಕುಡಿಕೆ ನೋಡಿ, ಟೋಪಿ ತೆಗೆದು, ಮುಗಿಯೋವರೆಗೂ ಅಲ್ಲಾಡದೆ ನಿಂತ. ಆಮೇಲೆ ಸಂಕೋಚದಿಂದ, "ನನಗೂ ಯಾರಿಲ್ಲ. ಒಬ್ಬನೇ ಇರೋದು. ಈ ಸಂಘಕ್ಕೆ ಸೇರಿದರೆ ಏನು ಲಾಭ?" ಅಂದ.

ನಾನು ಕಣ್ಣೊರೆಸಿಕೊಂಡು ತಾತ ಹೇಳಿಕೊಟ್ಟಿದ್ದನ್ನೇ ಹೇಳಿದೆ. "ನೀವು ಸತ್ತಾಗ ನಾವು ಬರ್ತೀವಿ."

ಪೈಪ್ ಸಾನ್ ಆತನ ನಲವತ್ತರ ಗಟ್ಟಿಮುಟ್ಟು ಮೈಯನ್ನ ಅಡಿಯಿಂದ ಮುಡಿಯವರೆಗೆ ನೋಡಿ, ತಮ್ಮ ನಡುಗೋ ಕಾಲನ್ನೂ ನೋಡಿಕೊಂಡು, ಸೊಂಟ ಬಗ್ಗಿಸಿ ನಮಸ್ಕರಿಸಿದರು.

"ಸುಮಿಮಾಸೆನ್, ಮೊದಲು ನೀವು ಬನ್ನಿ."