ರಾಜಕುಮಾರನನ್ನು ಬಿಟ್ಟು ಹೊರಟ ಮೆರವಣಿಗೆ

ನೈರೋಬಿಯಲ್ಲಿ ಮಟಾಟು ಎಂಬ ಬಾಡಿಗೆ ವ್ಯಾನಿನ ಬಾಗಿಲಿಗೆ ಒಂಟಿ ಕಾಲಲ್ಲಿ ನೇತಾಡಿಕೊಂಡು ಪಾರ್ಕ್‌ಲ್ಯಾಂಡ್ಸಿನಿಂದ ಪೇಟೆಗೆ ಹೋಗಿಬಂದವನಿಗೆ ಪ್ರಪಂಚದ ಯಾವ ಊರೂ ಪರದೇಶವಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಆದ್ದರಿಂದ ಬೆನ್ನಿಗೊಂದು ಚೀಲ ಹಾಕಿಕೊಂಡು ಹದಿನೈದು ದಿನ ಯುರೋಪ್ ಸುತ್ತೋಣ ಎಂಬ ಮಾತು ಗೆಳೆಯರಲ್ಲಿ ಬಂದಾಗ, "ಗೈಡು ಯಾಕ್ರೋ, ನಾನಿಲ್ವಾ?" ಎಂದು ಎದೆ ತಟ್ಟಿಕೊಂಡೆ.

ಗೆಳೆಯರು ಇಬ್ಬರು. ಒಬ್ಬ ಗಿರೀಶ. ನೈರೋಬಿಯ ಸೌತ್ ಬಿ ಬಡಾವಣೆಯ ನಿವಾಸಿ, ಔಷಧ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಇಂಜಿನಿಯರು. ಹೆಂಡತಿ ಮಾಡಿದ ಇಡ್ಲಿಗೂ ಬ್ಯಾಚ್ ನಂಬರ್ ಹುಡುಕುವ ಆಸಾಮಿ. ಇನ್ನೊಬ್ಬ ಶೆಣೈ. ಮಂಗಳೂರಿನವನು, ಬ್ಯಾಂಕಿನಲ್ಲಿ ಕೆಲಸ. ದಿನಕ್ಕೆ ನಾಲ್ಕೇ ಮಾತು, ನಾಲ್ಕರಲ್ಲೂ ಸೂಜಿ. ಮೂರನೆಯವನು ನಾನು, ರಾಘು. ಹೊಟ್ಟೆಪಾಡಿಗೆ ಕಂಪ್ಯೂಟರು, ನಿಜವಾದ ಕಸುಬು ಕಂಡವರನ್ನೆಲ್ಲ ಅಣಕಿಸುವುದು. ಅರ್ಚಕರಿಂದ ಹಿಡಿದು ಮನೆ ಮಾಲೀಕನವರೆಗೆ ಯಾರೂ ನನ್ನ ಗಂಟಲಿನಿಂದ ತಪ್ಪಿಸಿಕೊಂಡಿಲ್ಲ.

ಗಿರೀಶನ ರಜೆಗೆ ಒಂದು ಷರತ್ತಿತ್ತು. ಹಿಂತಿರುಗಿದ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆಗೆ ತಪಾಸಣಾ ಅಧಿಕಾರಿಗಳು ಬರುವವರಿದ್ದರು. ಅವರ ಮುಂದೆ ಇವನು ಸರಿಯಾಗಿ ಉತ್ತರ ಕೊಟ್ಟರೆ ವಿಭಾಗದ ಮುಖ್ಯಸ್ಥನ ಕುರ್ಚಿ. ಐದು ವರ್ಷದಿಂದ ಅವನು ಕಣ್ಣಿಟ್ಟಿದ್ದ ಕುರ್ಚಿ ಅದು. ಕನ್ನಡಿಗರ ಕೂಟಗಳಲ್ಲಿ ನನ್ನ ಅಣಕ ನೋಡಿದ್ದ ಮ್ಯಾನೇಜರ್ ರಾಮಮೂರ್ತಿಯವರು ರಜೆಯ ಚೀಟಿಗೆ ಸಹಿ ಹಾಕುತ್ತ, "ಒಂಬತ್ತು ಅಂದ್ರೆ ಒಂಬತ್ತು ಕಣಯ್ಯ" ಎಂದಿದ್ದರಂತೆ.

ಮೂವರ ಪಾಸ್‌ಪೋರ್ಟುಗಳೂ ವಿಮಾನದ ಟಿಕೆಟ್ಟುಗಳೂ ಗಿರೀಶನ ಜಾಕೆಟ್ಟಿನ ಒಳಜೇಬಿನಲ್ಲಿದ್ದವು. ರೈಲಿನಲ್ಲಿ ಅವನು ತೂಕಡಿಸಿದಾಗಲೆಲ್ಲ ನಾನು ಗಡಸು ಗಂಟಲಿನಲ್ಲಿ "ಪಾಸ್‌ಪೋರ್ಟ್!" ಎನ್ನುತ್ತಿದ್ದೆ. ಅವನು ಬೆಚ್ಚಿಬಿದ್ದು ಮೂರನ್ನೂ ತೆಗೆದು ಗಾಳಿಗೆ ಚಾಚುತ್ತಿದ್ದ. ಆಮ್‌ಸ್ಟರ್‌ಡ್ಯಾಮ್ ದಾರಿಯಲ್ಲಿ ಎರಡು ಸಲ, ಬ್ರಸೆಲ್ಸ್ ದಾರಿಯಲ್ಲಿ ಮೂರು ಸಲ. ಕಲೆಗೆ ಇದಕ್ಕಿಂತ ಗೌರವ ಬೇಕೆ?

ಕೊನೆಯ ದಿನ, ಭಾನುವಾರ. ಜರ್ಮನಿಯಲ್ಲಿ ರೈನ್ ನದಿಯ ದಡದ ಒಂದು ಪುಟ್ಟ ಊರಿನಲ್ಲಿದ್ದೆವು. ಊರಿನ ಹೆಸರು ಹೇಳುವುದಿಲ್ಲ, ಅವರಿಗೂ ಮಾನವಿದೆ. ಮೂರು ಗಂಟೆಯ ರೈಲು ಹಿಡಿದರೆ ಸಂಜೆಯ ವಿಮಾನ, ಸೋಮವಾರ ಬೆಳಗಾಗುವಾಗ ನೈರೋಬಿ. ಅಂದು ಊರಿನಲ್ಲಿ ಕಾರ್ನಿವಲ್ ಮೆರವಣಿಗೆ. ಊರಿಗೆ ಊರೇ ವೇಷ ಹಾಕಿ ಬೀದಿಗಿಳಿದಿತ್ತು. ಕೋಳಿಗಳು, ಕಡಲ್ಗಳ್ಳರು, ನಡೆದಾಡುವ ಹೂಕೋಸು! ಶೆಣೈ ಮೂರೂ ಚೀಲಗಳನ್ನು ಹೊತ್ತು, "ನೀವು ಕುಣಿದು ಬನ್ನಿ ಮಾರಾಯ, ನಾನು ಮೆರವಣಿಗೆ ಮುಗಿಯುವ ಚೌಕದಲ್ಲಿ ಕೂತಿರ್ತೇನೆ. ಸ್ಟೇಷನ್ ಅಲ್ಲೇ ಪಕ್ಕ" ಎಂದು ಹೊರಟುಹೋದ.

ನಮಗೆ ವೇಷವಿರಲಿಲ್ಲ. ಚಳಿ ತಡೆಯಲಾರದೆ ನಾನು ಮಂಕಿ ಕ್ಯಾಪು, ಅದರ ಮೇಲೆ ಮಫ್ಲರು, ಮೂರು ಸ್ವೆಟರು ಹಾಕಿದ್ದೆ ಅಷ್ಟೆ. ನೋಡಿದವರೆಲ್ಲ ಚಪ್ಪಾಳೆ ತಟ್ಟಿದರು. ಹೆಂಗಸೊಬ್ಬಳು ಫೋಟೊ ತೆಗೆಸಿಕೊಂಡಳು. ಹಡಗಿನಂತೆ ಸಿಂಗರಿಸಿದ ಒಂದು ಟ್ರೇಲರನ್ನು ಟ್ರ್ಯಾಕ್ಟರು ಎಳೆಯುತ್ತಿತ್ತು. ಅದರ ಹಿಂಬದಿಯ ಮೆಟ್ಟಿಲು ಕಾಯುವ ಮೀಸೆಯ ಮುದುಕ ನಮ್ಮಿಬ್ಬರನ್ನೂ ಕೈಹಿಡಿದು ಮೇಲೆಳೆದುಕೊಂಡ.

ಮೇಲೆ ಸಿಂಹಾಸನ. ಅದರಲ್ಲಿ ಆ ವರ್ಷದ ಕಾರ್ನಿವಲ್ ರಾಜಕುಮಾರ. ಐವತ್ತು ದಾಟಿದ, ಕೊಡದಂಥ ಹೊಟ್ಟೆಯ ರಾಜಕುಮಾರ! ತಲೆಗೆ ನವಿಲುಗರಿಯಷ್ಟು ಉದ್ದದ ಗರಿಯ ಟೋಪಿ, ಮೈಗೆ ಒಳಗೆ ತಂತಿ ಕಟ್ಟಿ ಛತ್ರಿಯಂತೆ ಉಬ್ಬಿಸಿದ ನಿಲುವಂಗಿ. ಎರಡೂ ಕೈಯಿಂದ ಜನರತ್ತ ಮಿಠಾಯಿ ತೂರುತ್ತಿದ್ದ.

ಮುಂದೆಲ್ಲೋ ಅಡ್ಡಿಯಾಗಿ ಮೆರವಣಿಗೆ ನಿಂತಿತು. ರಾಜಕುಮಾರನಿಗೆ ಶೌಚಾಲಯಕ್ಕೆ ಅವಸರ. ಎದುರಿಗಿದ್ದ ಬಿಯರ್ ಅಂಗಡಿಯದು ಕಿರಿದಾದ ಬಾಗಿಲು. ಛತ್ರಿ ಅಂಗಿ ಅದರೊಳಗೆ ಹೋಗುವಂತಿರಲಿಲ್ಲ. ಅವನು ಅಂಗಿ, ಟೋಪಿ ಎರಡನ್ನೂ ಕಳಚಿ ಗಿರೀಶನಿಗೆ ತೊಡಿಸಿದ. ಒಳಗೆ ತೆಳ್ಳನೆಯ ರೇಷ್ಮೆ, ಹೊರಗೆ ಕೊರೆಯುವ ಚಳಿ. "ಎರಡೇ ನಿಮಿಷ" ಎಂದು ಇಂಗ್ಲಿಷಿನಲ್ಲಿ ಹೇಳಿ ಗಿರೀಶನ ಜಾಕೆಟ್ಟನ್ನು ಮೈಗೇರಿಸಿಕೊಂಡು ಇಳಿದುಹೋದ. ಮೀಸೆಯ ಮುದುಕನೂ ಬಿಯರಿನ ಆಸೆಗೆ ಹಿಂದೆಯೇ ಹೋದ.

ಈಗ ಹಿಂಬದಿಯ ಮೆಟ್ಟಿಲು ಖಾಲಿ. ಹಿಡಿದುಕೊಳ್ಳಲು ಕಬ್ಬಿಣದ ಸರಳು. ಪಕ್ಕದಲ್ಲಿ ನುಣುಪಾದ ತಗಡು. ಮಟಾಟು ಹತ್ತಿದ ಯಾವ ಮನುಷ್ಯ ತಾನೇ ಸುಮ್ಮನಿದ್ದಾನು? ನಾನು ಒಂಟಿ ಕಾಲಲ್ಲಿ ನೇತಾಡಿದೆ.

"ಗಿರೀ, ನೋಡಿಲ್ಲಿ! ನಮ್ಮ ಕಂಡಕ್ಟರು! ಪಂಗಾನಿ, ಪಂಗಾನಿ, ಪಂಗಾನಿ! ಟ್ವೆಂಡೆ!"

ಪಂಗಾನಿ ಬಡಾವಣೆಯ ಹೆಸರು ಹಿಡಿದು ಹೋಗೋಣ ಎಂದು ಕೂಗಿದ ಮೇಲೆ ನೈರೋಬಿಯ ಕಂಡಕ್ಟರು ಮಾಡುವುದನ್ನೇ ಮಾಡಿದೆ. ತಗಡಿಗೆ ಎರಡು ಏಟು ಬಾರಿಸಿದೆ. ಧಬ್, ಧಬ್.

ಟ್ರ್ಯಾಕ್ಟರು ಹೊರಟಿತು!

ಎಲ್ಲರೂ ಹತ್ತಿದ್ದಾಯಿತು ಎಂದು ಆ ಮೀಸೆಯ ಮುದುಕ ಟ್ರ್ಯಾಕ್ಟರಿನ ಚಾಲಕನಿಗೆ ಕೊಡುವ ಸೂಚನೆಯೂ ಅದೇ ಎರಡು ಏಟು ಎಂದು ನನಗೇನು ಗೊತ್ತು? ಗಾಬರಿಯಾಯಿತು. ನಿಲ್ಲಿಸಲು ಧಬ್ ಎಂದು ಒಂದು ಏಟು ಕೊಟ್ಟೆ. ನಿಲ್ಲಲಿಲ್ಲ. ಇನ್ನೊಂದು ಕೊಟ್ಟೆ. ಎರಡಾಯಿತಲ್ಲ, ಚಾಲಕ ವೇಗ ಹೆಚ್ಚಿಸಿದ. ಮತ್ತೆ ಬಡಿದೆ. ಅವನು ಇನ್ನೂ ಓಡಿಸಿದ. ಮುಂದಿದ್ದ ಕೋಳಿಗಳು ಚದುರಿದವು.

ಸಿಂಹಾಸನದ ಮೇಲೆ ಧೊಪ್ಪೆಂದು ಬಿದ್ದ ಗಿರೀಶನನ್ನು ಕಂಡು ಜನ ಜೈಕಾರ ಹಾಕಿದರು. ಅವನು ಮಾತ್ರ "ಲೋ ರಾಘು! ಜಾಕೆಟ್ಟು! ನನ್ನ ಜಾಕೆಟ್ಟು!" ಎಂದು ಕಿರುಚಿಕೊಂಡ.

ನನ್ನ ಜೀವ ಹಾರಿತು. ಜಾಕೆಟ್ಟಿನಲ್ಲಿ ಪಾಸ್‌ಪೋರ್ಟು! ಪಾಸ್‌ಪೋರ್ಟಿಲ್ಲದೆ ವಿಮಾನವಿಲ್ಲ, ವಿಮಾನವಿಲ್ಲದೆ ಸೋಮವಾರವಿಲ್ಲ, ಸೋಮವಾರವಿಲ್ಲದೆ ಕುರ್ಚಿಯಿಲ್ಲ. ಗೆಳೆಯನ ಐದು ವರ್ಷ ನನ್ನ ಎರಡು ಏಟಿಗೆ ಹೋಯಿತು. ಕೆಳಗೆ ಹಾರಿದೆ. ಮೆರವಣಿಗೆ ಬರುತ್ತಿದ್ದ ದಿಕ್ಕಿಗೆ ಎದುರಾಗಿ ಓಡಿದೆ.

ಕೆಂಪು ಪಟ್ಟಿ ತೊಟ್ಟ ಇಬ್ಬರು ಸ್ವಯಂಸೇವಕರು ತಡೆದರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಜರ್ಮನ್ ಬಾರದು. ರಾಜಕುಮಾರ ಎಲ್ಲಿ ಎಂದು ಕೇಳುವುದು ಹೇಗೆ? ನನ್ನ ಹತ್ತಿರವಿದ್ದ ವಿದ್ಯೆ ಒಂದೇ. ಮೂರು ಸ್ವೆಟರನ್ನೂ ಮುಂದಕ್ಕೆ ಜಗ್ಗಿ ಹೊಟ್ಟೆ ಮಾಡಿಕೊಂಡೆ. ಬಾತುಕೋಳಿಯಂತೆ ನಾಲ್ಕು ಹೆಜ್ಜೆ ನಡೆದೆ. ಎರಡೂ ಕೈಯಿಂದ ಮಿಠಾಯಿ ತೂರಿದೆ. ಆಮೇಲೆ ತೊಡೆ ಬಿಗಿಹಿಡಿದು ಶೌಚಾಲಯದ ಅವಸರ ತೋರಿಸಿದೆ. ಜನ ಹೊಟ್ಟೆ ಹಿಡಿದು ನಕ್ಕರು. ಸ್ವಯಂಸೇವಕನೊಬ್ಬ ಕಣ್ಣೊರೆಸಿಕೊಂಡು ನನ್ನ ಕೈಗೊಂದು ಚಾಕಲೇಟು ಕೊಟ್ಟ. ನನ್ನ ಹಿಂದೆ ಹತ್ತಾರು ಜನ ಅದೇ ನಡಿಗೆಯಲ್ಲಿ ಸಾಲುಗಟ್ಟಿದರು. ಇಡೀ ಯುರೋಪಿನಲ್ಲಿ ನನಗೆ ಸಿಕ್ಕ ಏಕೈಕ ಯಶಸ್ಸು, ಅದೂ ಬೇಡದ ಹೊತ್ತಿನಲ್ಲಿ!

ಆಗ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಆಚೆ ಗಿರೀಶನ ಜಾಕೆಟ್ಟು ಕಾಣಿಸಿತು. ಒಳಗೆ ರಾಜಕುಮಾರನಿದ್ದ. ಗುಂಡಿ ಹಾಕಲಾಗದ ಜಾಕೆಟ್ಟಿನಲ್ಲಿ ಗಡಗಡ ನಡುಗುತ್ತ, ನಾನೇ ರಾಜಕುಮಾರ, ಒಳಗೆ ಬಿಡಿ ಎಂದು ಅಂಗಲಾಚುತ್ತಿದ್ದನೆಂದು ಕಾಣುತ್ತದೆ. ಸ್ವಯಂಸೇವಕರು ಅವನನ್ನೂ ನೋಡಿದರು, ನನ್ನನ್ನೂ ನೋಡಿದರು. ನನ್ನನ್ನೇ ಹೆಚ್ಚು ನಂಬಿದರು.

ರಾಜಕುಮಾರ ನನ್ನ ಹೊಟ್ಟೆಯತ್ತ ಬೆರಳು ತೋರಿಸಿ, "ಇದು ನಾನಾ?" ಎಂದು ಇಂಗ್ಲಿಷಿನಲ್ಲಿ ಗುಡುಗಿದ.

"ಕ್ಷಮಿಸಿ ಪ್ರಭೂ," ಎಂದೆ. "ಮೊದಲು ಆ ಜಾಕೆಟ್ಟು ಕೊಡಿ."

"ಮೊದಲು ನನ್ನ ಅಂಗಿ ಕೊಡು!"

ನ್ಯಾಯ ಅವನ ಕಡೆಯೇ ಇತ್ತು. ಕೊನೆಗೆ ನಾನು ಸ್ವಯಂಸೇವಕರ ಮುಂದೆ ಅವನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿ, ಇವನೇ ಅಸಲು, ನಾನು ನಕಲು ಎಂದು ಅಭಿನಯಿಸಬೇಕಾಯಿತು. ನಂತರ ರಾಜಕುಮಾರನ ತೋಳು ಹಿಡಿದು ಚೌಕದತ್ತ ಓಡಿಸಿದೆ. ಓಡುತ್ತಲೇ ಒಳಜೇಬು ಮುಟ್ಟಿ ನೋಡಿದೆ. ಗಟ್ಟಿಯಾಗಿ, ಚೌಕಾಕಾರವಾಗಿ ಏನೋ ಕೈಗೆ ಸಿಕ್ಕಿತು. ದೇವರು ದೊಡ್ಡವನು!

ದೇವರು ದೊಡ್ಡವನಾದರೂ ಆ ರಾಜಕುಮಾರನ ಓಟ ಸಣ್ಣದು. ಪ್ರತಿ ತಿರುವಿನಲ್ಲೂ ಗುರುತಿನವರು ಸಿಕ್ಕಿ ಅವನ ಕಥೆ ಕೇಳುತ್ತಿದ್ದರು. ಅವನು ಹೇಳುತ್ತಿದ್ದ. ನನ್ನತ್ತ ಬೊಟ್ಟು ಮಾಡುತ್ತಿದ್ದ. ಅವರು ನಗುತ್ತಿದ್ದರು. ಚೌಕ ತಲುಪಿದಾಗ ಹಡಗು ನಿಂತಿತ್ತು, ಅಂಗಿ ಟೋಪಿಗಳು ಸಿಂಹಾಸನದ ಮೇಲೆ ಜೋಪಾನವಾಗಿದ್ದವು, ಗಿರೀಶನಿರಲಿಲ್ಲ. ಜಾಕೆಟ್ಟು ಕಿತ್ತುಕೊಂಡು ಸ್ಟೇಷನ್ನಿಗೆ ಓಡಿದೆ.

ಮೂರು ದಾಟಿ ಎರಡು ನಿಮಿಷ. ರೈಲಿನ ಬಾಲ ಕಾಣಿಸಿತು, ಮಾಯವಾಯಿತು. ಪ್ಲಾಟ್‌ಫಾರಮ್ಮಿನಲ್ಲಿ ಮೂರು ಚೀಲ, ಇಬ್ಬರು ಮನುಷ್ಯರು.

"ಪಾಸ್‌ಪೋರ್ಟ್ ತಂದೆ ಕಣ್ರೋ!" ಎಂದು ಏದುಸಿರು ಬಿಡುತ್ತ ಜಾಕೆಟ್ಟನ್ನು ಎತ್ತಿ ಹಿಡಿದೆ.

ಗಿರೀಶ ಒಳಜೇಬಿಗೆ ಕೈಹಾಕಿ ಅರ್ಧ ತಿಂದ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣ ತೆಗೆದ.

"ಪಾಸ್‌ಪೋರ್ಟು ಟಿಕೆಟ್ಟು ಎಲ್ಲ ಬ್ರಸೆಲ್ಸಿನಿಂದ ನನ್ನ ಹತ್ರ ಉಂಟು ಮಾರಾಯ," ಎಂದ ಶೆಣೈ.

"ನಂಗ್ಯಾಕ್ರೋ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಶೆಣೈ ಮಲಗಿದಾಗ ಅವನನ್ನ ಎಬ್ಬಿಸ್ತಿದ್ದೆ," ಎಂದ ಗಿರೀಶ.

"ಮತ್ತೆ ಜಾಕೆಟ್ಟು ಜಾಕೆಟ್ಟು ಅಂತ ಬಡ್ಕೊಂಡ್ಯಲ್ಲೋ!"

"ಚಳಿ ಆಗ್ತಿತ್ತು ಕಣೋ!"

ಇಬ್ಬರೂ ರೈಲು ಹತ್ತಬಹುದಾಗಿತ್ತು. ಯಾಕೆ ಹತ್ತಲಿಲ್ಲ ಎಂದು ಕೇಳಿದೆ. "ಮಾತೂ ಬರದ ಊರಲ್ಲಿ ನಿನ್ನ ಬಿಟ್ಟು ಹೋಗೋದಾ? ಇಲ್ಲಿನ ಪೊಲೀಸ್ನೋರನ್ನ ಅಣಕಿಸಿ ಒಳಗೆ ಹೋಗ್ತಿದ್ದೆ" ಎಂದ ಗಿರೀಶ. ಹೀಗೆ, ಅವನಿಗೆ ರೈಲು ತಪ್ಪಬಾರದೆಂದು ಓಡಿದವನಿಂದಲೇ ಅವನಿಗೆ ರೈಲು ತಪ್ಪಿತು. ನೈರೋಬಿ ಸೇರಿದ್ದು ಮಂಗಳವಾರ. ದಾರಿಯುದ್ದಕ್ಕೂ ನಾನು ಯಾರನ್ನೂ ಅಣಕಿಸಲಿಲ್ಲ. ಗಗನಸಖಿಯೊಬ್ಬಳನ್ನು ಬಿಟ್ಟು.

ಬುಧವಾರ ನಾನೊಬ್ಬನೇ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗೆ ಹೋಗಿ ರಾಮಮೂರ್ತಿಯವರ ಮುಂದೆ ನಿಂತೆ. "ಸಾರ್, ತಪ್ಪೆಲ್ಲ ನಂದು. ಗಿರೀಶಂದೇನೂ ಇಲ್ಲ. ಅವನ ಕುರ್ಚಿ ಕಿತ್ಕೋಬೇಡಿ ಸಾರ್," ಎಂದೆ. ಹದಿನೈದು ದಿನದಲ್ಲಿ ನಾನು ಗಂಭೀರವಾಗಿ ಆಡಿದ ಮೊದಲ ಮಾತು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸೋಮವಾರ ಅಧಿಕಾರಿಗಳು ಕೇಳಿದ ಒಂದು ಕಡತಾನೂ ನಂಗೆ ಸಿಗಲಿಲ್ಲ ಕಣಯ್ಯ. ಗಿರೀಶ ಇಲ್ದೆ ಈ ಕಾರ್ಖಾನೆ ನಡೆಯಲ್ಲ ಅಂತ ಅವರೇ ಹೇಳಿಹೋದ್ರು. ಆ ಕುರ್ಚಿ ನಿನ್ನೇನೇ ಕೊಟ್ಟಾಯ್ತು."

ನನ್ನ ಓಟದಂತೆ ನನ್ನ ಕ್ಷಮಾಪಣೆಯೂ ಅನವಶ್ಯಕವಾಗಿತ್ತು. ಸಾರ್, ಬರ್ತೀನಿ ಎಂದು ತಿರುಗಿದೆ.

"ನಿಲ್ಲಯ್ಯ. ಈಗ ಕ್ಷಮೆ ಕೇಳಿದ್ಯಲ್ಲ, ಅದು ಯಾರ ಧ್ವನಿ?"

"ನಂದೇ ಸಾರ್."

ಅವರು ತಲೆಯಾಡಿಸಿದರು.

"ಬೇರೆಯವರದ್ದೆಲ್ಲ ಚೆನ್ನಾಗಿ ಮಾಡ್ತೀಯ. ಇದು ಅಷ್ಟು ಸರಿಯಾಗಿ ಬರ್ತಿಲ್ಲ."